ಬ್ರಿಟನ್ನಿಗೆ ಹೊಸದಾಗಿ ಬಂದವರಿಗೆ: ಕಡಿಮೆ ಬಜೆಟ್ಟಿನಲ್ಲಿ ಸೆಕೆಂಡ್ ಹ್ಯಾಂಡ್ ಹ್ಯಾಚ್‌ಬ್ಯಾಕ್

ಬಾಡಿಗೆ ಮನೆ ಸಿಕ್ಕಿ, ಮಕ್ಕಳ ಶಾಲೆ ಗೊತ್ತಾದ ಮೇಲೆ ನಮ್ಮ ಬಳಗಕ್ಕೆ ಬರುವ ಮುಂದಿನ ಪ್ರಶ್ನೆ ಹೆಚ್ಚಾಗಿ ಕಾರಿನದೇ. ಲಂಡನ್ನಿನ ಒಳಭಾಗದಲ್ಲಿ ಇರುವವರಿಗೆ ಟ್ಯೂಬು, ಬಸ್ಸು ಸಾಕು, ಮೊದಲ ವರ್ಷ ಕಾರಿನ ಗೊಡವೆಯೇ ಬೇಡ. ಆದರೆ ಊರಾಚೆಯ ಆಸ್ಪತ್ರೆಯಲ್ಲಿ ರಾತ್ರಿ ಪಾಳಿ ಮಾಡುವ ನರ್ಸ್‌ಗೆ, ಗಂಟೆಗೊಂದು ಬಸ್ಸು ಬರುವ ಸಣ್ಣ ಊರಿನಲ್ಲಿ ಎರಡು ಮಕ್ಕಳಿರುವ ಮನೆಗೆ ಕಾರಿಲ್ಲದೆ ನಡೆಯುವುದಿಲ್ಲ. ಅಂಥವರಿಗೆ ಸರಿಹೊಂದುವುದು ಫೋರ್ಡ್ ಫೋಕಸ್, ವಾಕ್ಸ್‌ಹಾಲ್ ಆಸ್ಟ್ರಾ, ಟೊಯೋಟಾ ಆರಿಸ್, ಹೋಂಡಾ ಸಿವಿಕ್, ಹ್ಯುಂಡೈ ಐ30, ಕಿಯಾ ಸೀಡ್, ಫೋಕ್ಸ್‌ವ್ಯಾಗನ್ ಗಾಲ್ಫ್, ಸ್ಕೋಡಾ ಆಕ್ಟೇವಿಯಾ ಇಂಥ ಮಧ್ಯಮ ಗಾತ್ರದ ಹ್ಯಾಚ್‌ಬ್ಯಾಕ್‌ಗಳು. ಊರಲ್ಲಿ ಓಡಿಸುತ್ತಿದ್ದ ಸ್ವಿಫ್ಟ್‌ಗಿಂತ ಒಂದು ಅಳತೆ ದೊಡ್ಡವು, ಮೋಟರ್‌ವೇಯಲ್ಲಿ ನೆಮ್ಮದಿಯಾಗಿ ಓಡುತ್ತವೆ, ಹಳೆಯ ಕಾರುಗಳ ಮಾರುಕಟ್ಟೆಯಲ್ಲಿ ಬೇಕಾದಷ್ಟು ಸಿಗುತ್ತವೆ.

ಒಂದು ಮಾತನ್ನು ಮಾತ್ರ ಗಟ್ಟಿಯಾಗಿ ಹೇಳುತ್ತೇವೆ. ಕಾರಿನ ಬೆಲೆ ನೋಡಿ ಬಜೆಟ್ ಮಾಡಬೇಡಿ, ಮೊದಲ ವರ್ಷದ ಒಟ್ಟು ಖರ್ಚು ನೋಡಿ ಮಾಡಿ. ಕೈಯಲ್ಲಿ 6,000 ಪೌಂಡ್ ಇದ್ದರೆ ಕಾರಿಗೆ 4,000ದ ಆಸುಪಾಸಿನಲ್ಲಿ ನಿಲ್ಲಿಸಿ. ಉಳಿದದ್ದು ಇನ್ಶೂರೆನ್ಸ್, ಟ್ಯಾಕ್ಸ್, ಸರ್ವಿಸ್, ಎರಡು ಟೈರು ಎನ್ನುವಷ್ಟರಲ್ಲಿ ಕರಗುತ್ತದೆ.

ಲೈಸೆನ್ಸ್ ಮತ್ತು ಇನ್ಶೂರೆನ್ಸ್ ಮೊದಲು

ಭಾರತದ ಲೈಸೆನ್ಸ್ ಇಟ್ಟುಕೊಂಡು ಇಲ್ಲಿ ನೆಲೆಸಿದ ದಿನದಿಂದ 12 ತಿಂಗಳು ಗಾಡಿ ಓಡಿಸಬಹುದು. ಅದನ್ನು ಬ್ರಿಟಿಷ್ ಲೈಸೆನ್ಸಿಗೆ ಬದಲಾಯಿಸಿಕೊಳ್ಳಲು ಬರುವುದಿಲ್ಲ. ಪ್ರಾವಿಷನಲ್ (ಕಲಿಯುವವರ ಲೈಸೆನ್ಸ್) ತೆಗೆದುಕೊಂಡು, ಥಿಯರಿ ಮತ್ತು ಪ್ರಾಕ್ಟಿಕಲ್ ಎರಡೂ ಪರೀಕ್ಷೆ ಪಾಸು ಮಾಡಲೇಬೇಕು. ಪ್ರಾಕ್ಟಿಕಲ್ ಪರೀಕ್ಷೆಯ ದಿನಾಂಕ ಸಿಗುವುದಕ್ಕೇ ತಿಂಗಳುಗಟ್ಟಲೆ ಕಾಯಬೇಕಾಗುತ್ತದೆ, ಆದ್ದರಿಂದ ಬಂದ ತಿಂಗಳಲ್ಲೇ ಪ್ರಾವಿಷನಲ್‌ಗೆ ಅರ್ಜಿ ಹಾಕಿ. 12 ತಿಂಗಳು ಮುಗಿಯುವುದರೊಳಗೆ ಪಾಸಾಗದಿದ್ದರೆ, ಊರಲ್ಲಿ ಹದಿನೈದು ವರ್ಷ ಓಡಿಸಿದವರೂ 'ಎಲ್' ಬೋರ್ಡ್ ಅಂಟಿಸಿಕೊಂಡು, ಮೂರು ವರ್ಷದ ಲೈಸೆನ್ಸ್ ಇರುವ 21 ದಾಟಿದವರೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಓಡಿಸಬೇಕು. ಕೆಲಸಕ್ಕೆ ಕಾರನ್ನೇ ನಂಬಿಕೊಂಡವರಿಗೆ ಇದು ದೊಡ್ಡ ಪೆಟ್ಟು. ಇನ್ನೊಂದು ವಿಷಯ: ಆಟೋಮ್ಯಾಟಿಕ್ ಕಾರಿನಲ್ಲಿ ಪರೀಕ್ಷೆ ಪಾಸಾದರೆ ಆಮೇಲೆ ಆಟೋಮ್ಯಾಟಿಕ್ ಮಾತ್ರ ಓಡಿಸಬಹುದು. ಗೇರ್ ಹಾಕುವ ಅಭ್ಯಾಸ ಈಗಾಗಲೇ ಇದ್ದರೆ ಮ್ಯಾನ್ಯುಯಲ್‌ನಲ್ಲೇ ಪರೀಕ್ಷೆ ಕೊಡಿ.

ಇನ್ಶೂರೆನ್ಸ್ ಇಲ್ಲಿ ಕಾರಿಗಿಂತ ಹೆಚ್ಚಾಗಿ ಓಡಿಸುವವರನ್ನು ನೋಡಿ ನಿಗದಿಯಾಗುತ್ತದೆ. ಯಾವ ಲೈಸೆನ್ಸ್, ಎಷ್ಟು ವರ್ಷದಿಂದ ಈ ದೇಶದಲ್ಲಿದ್ದೀರಿ, ಮನೆಯ ಪೋಸ್ಟ್‌ಕೋಡ್ ಯಾವುದು, ರಾತ್ರಿ ಕಾರು ಎಲ್ಲಿ ನಿಲ್ಲುತ್ತದೆ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಭಾರತದ ಲೈಸೆನ್ಸಿನ ಮೇಲೆ ಮೊದಲ ವರ್ಷದ ಪ್ರೀಮಿಯಂ ಸಾವಿರ ಪೌಂಡ್ ದಾಟುವುದು ಅಪರೂಪವೇನಲ್ಲ. ಹಾಗಾಗಿ ಯಾವುದೇ ಕಾರು ಇಷ್ಟವಾದ ಕೂಡಲೇ ಅದರ ನಂಬರ್ ಪ್ಲೇಟನ್ನು ಬೆಲೆ ಹೋಲಿಸುವ ಜಾಲತಾಣಗಳಲ್ಲಿ ಹಾಕಿ ನೋಡಿ. ಕಾರುಗಳನ್ನು 1ರಿಂದ 50ರವರೆಗೆ ಇನ್ಶೂರೆನ್ಸ್ ಗುಂಪುಗಳಾಗಿ ವಿಂಗಡಿಸಿದ್ದಾರೆ. ಒಂದೇ ಹೆಸರಿನ ಕಾರಿನಲ್ಲೂ ಎಂಜಿನ್ ದೊಡ್ಡದಾದಂತೆ ಗುಂಪು ಮೇಲಕ್ಕೆ ಹೋಗುತ್ತದೆ. ಥರ್ಡ್ ಪಾರ್ಟಿ ಎಂದರೆ ಅಗ್ಗ ಎಂಬ ನಮ್ಮ ಲೆಕ್ಕ ಇಲ್ಲಿ ನಡೆಯುವುದಿಲ್ಲ, ಎಷ್ಟೋ ಸಲ ಕಾಂಪ್ರಹೆನ್ಸಿವ್ ಪಾಲಿಸಿಯೇ ಅಗ್ಗವಾಗಿ ಸಿಗುತ್ತದೆ. ಕಾರು ಬೇಕಾದ ದಿನವೇ ಕೊಳ್ಳುವ ಪಾಲಿಸಿಗಿಂತ ಎರಡು ಮೂರು ವಾರ ಮೊದಲೇ ನೋಡಿಟ್ಟದ್ದು ಸಾಮಾನ್ಯವಾಗಿ ಕಡಿಮೆಗೆ ಬರುತ್ತದೆ. ಊರಿನ ಇನ್ಶೂರೆನ್ಸ್ ಕಂಪನಿಯಿಂದ ನೋ ಕ್ಲೇಮ್ ಬೋನಸ್ ಪತ್ರ ಇಂಗ್ಲಿಷಿನಲ್ಲಿ ತರಿಸಿಕೊಳ್ಳಿ. ಎಲ್ಲ ಕಂಪನಿಗಳೂ ಒಪ್ಪುವುದಿಲ್ಲ, ಕೆಲವು ಒಪ್ಪುತ್ತವೆ.

ನಿಜವನ್ನೇ ಬರೆಯಿರಿ. ದಿನವೂ ಓಡಿಸುವವರು ಗಂಡನಾಗಿದ್ದು, ಪ್ರೀಮಿಯಂ ಇಳಿಯಲಿ ಎಂದು ಹೆಂಡತಿಯನ್ನು ಮುಖ್ಯ ಚಾಲಕಿ ಎಂದು ತೋರಿಸಿದರೆ ಇಲ್ಲಿ ಅದು ವಂಚನೆ. ಅಪಘಾತದ ದಿನ ಪಾಲಿಸಿ ಕೈಕೊಡುತ್ತದೆ. ಕಾರನ್ನು ಯಾವುದಕ್ಕೆ ಬಳಸುತ್ತೀರಿ ಎಂಬ ಪ್ರಶ್ನೆಯನ್ನೂ ಹಗುರವಾಗಿ ನೋಡಬೇಡಿ. ಆಫೀಸಿಗೆ ಹೋಗಿಬರುವುದಿದ್ದರೆ 'ಕಮ್ಯೂಟಿಂಗ್' ಸೇರಿಸಬೇಕು. ಒಂದಕ್ಕಿಂತ ಹೆಚ್ಚು ಆಸ್ಪತ್ರೆ, ಕೇರ್ ಹೋಮ್‌ಗಳಿಗೆ ಕೆಲಸಕ್ಕೆ ಓಡಾಡುವವರಿಗೆ 'ಬಿಸಿನೆಸ್' ಬಳಕೆಯ ಪಾಲಿಸಿಯೇ ಬೇಕು. ನಮ್ಮವರಲ್ಲಿ ಆರೋಗ್ಯ ಸೇವೆಯಲ್ಲಿ ಇರುವವರು ಬಹಳ, ಇದನ್ನು ಬಿಟ್ಟುಬಿಡುವವರೂ ಬಹಳ.

ನೋಂದಣಿ ವರ್ಷ

ರಸ್ತೆ ತೆರಿಗೆಯಲ್ಲಿ 2017ರ ಏಪ್ರಿಲ್ 1 ಒಂದು ಗಡಿ. 2001ರ ಮಾರ್ಚ್‌ನಿಂದ 2017ರ ಮಾರ್ಚ್ 31ರವರೆಗೆ ನೋಂದಣಿಯಾದ ಕಾರುಗಳಿಗೆ ಹೊಗೆಯಲ್ಲಿನ ಇಂಗಾಲದ ಡೈಆಕ್ಸೈಡ್ ಎಷ್ಟು ಎಂಬುದರ ಮೇಲೆ ತೆರಿಗೆ. ಆಮೇಲಿನ ಸಾಮಾನ್ಯ ಪೆಟ್ರೋಲ್, ಡೀಸೆಲ್ ಕಾರುಗಳಿಗೆ ಎರಡನೆಯ ವರ್ಷದಿಂದ ಒಂದೇ ದರ. 2025ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ದರದಂತೆ, ಕಿಲೋಮೀಟರಿಗೆ 110 ಗ್ರಾಂ ಮೀರದ 2016ರ ಹ್ಯಾಚ್‌ಬ್ಯಾಕ್‌ಗೆ ವರ್ಷಕ್ಕೆ 20 ಪೌಂಡ್. ಹೆಚ್ಚುಕಡಿಮೆ ಅದೇ ಕಾರು 2017ರ ಮೇ ತಿಂಗಳಿನದಾದರೆ 195 ಪೌಂಡ್. ಒಂದು ವರ್ಷ ಹೊಸದು ಎಂದು ಹೆಚ್ಚು ಕೊಡುವ ಮೊದಲು ಇದನ್ನು ಕೂಡಿಸಿ ನೋಡಿ. ದರಗಳು ಏಪ್ರಿಲ್‌ನಲ್ಲಿ ಬದಲಾಗುತ್ತಿರುತ್ತವೆ, ಸರ್ಕಾರದ ಜಾಲತಾಣದಲ್ಲಿ ನಂಬರ್ ಹಾಕಿದರೆ ಆ ಕಾರಿನ ತೆರಿಗೆ ಗೊತ್ತಾಗುತ್ತದೆ.

ಲಂಡನ್ನಿನಲ್ಲಿರುವವರು, ಲಂಡನ್ನಿಗೆ ಓಡಾಡುವವರು ಯುಲೆಜ್, ಅಂದರೆ ಹೆಚ್ಚು ಹೊಗೆ ಉಗುಳುವ ಗಾಡಿಗಳಿಗೆ ಶುಲ್ಕ ಹಾಕುವ ವಲಯವನ್ನು ಮರೆಯುವಂತಿಲ್ಲ. 2023ರ ಆಗಸ್ಟ್ 29ರಿಂದ ಅದು ನಗರದ ಎಲ್ಲ ಬರೋಗಳಿಗೂ ಹಬ್ಬಿದೆ, ನಿಯಮಕ್ಕೆ ಹೊಂದದ ಕಾರಿಗೆ ದಿನಕ್ಕೆ 12.50 ಪೌಂಡ್. ಪೆಟ್ರೋಲ್ ಆದರೆ ಯೂರೋ 4, ಡೀಸೆಲ್ ಆದರೆ ಯೂರೋ 6 ಹೊಗೆ ಮಾನದಂಡ ಇರಬೇಕು. ಅಂದಾಜಿಗೆ ಹೇಳುವುದಾದರೆ 2006ರ ನಂತರದ ಪೆಟ್ರೋಲ್ ಕಾರುಗಳು, 2015ರ ಸೆಪ್ಟೆಂಬರ್ ನಂತರದ ಡೀಸೆಲ್ ಕಾರುಗಳು ಪಾಸಾಗುತ್ತವೆ. ಜಾಹೀರಾತಿನಲ್ಲಿ ಹಳೆಯ ಡೀಸೆಲ್ ಅಷ್ಟೊಂದು ಅಗ್ಗವಾಗಿ ಕಾಣುವುದಕ್ಕೆ ಇದೂ ಒಂದು ಕಾರಣ. ಬರ್ಮಿಂಗ್‌ಹ್ಯಾಮ್ ನಗರದ ನಡುವಿನಲ್ಲೂ ಇಂಥದೇ ವಲಯವಿದೆ.

ಶಾಲೆ, ಸ್ಟೇಷನ್ನು, ಟೆಸ್ಕೊ ಎಂದು ಎರಡೆರಡು ಮೈಲಿ ಓಡುವ ಮನೆಗೆ ಡೀಸೆಲ್ ಬೇಡವೇ ಬೇಡ. ಎಂಜಿನ್ ಸರಿಯಾಗಿ ಬಿಸಿಯಾಗದೆ ಹೊಗೆಯ ಮಸಿ ಹಿಡಿಯುವ ಡಿಪಿಎಫ್ ಕಟ್ಟಿಕೊಳ್ಳುತ್ತದೆ, ಅದರ ರಿಪೇರಿ ಅಗ್ಗದ ಕಾರಿನ ಬೆಲೆಯನ್ನೇ ನಾಚಿಸುತ್ತದೆ.

ಎಂಒಟಿ ಇತಿಹಾಸ ಓದುವುದು

ಮೂರು ವರ್ಷ ದಾಟಿದ ಪ್ರತಿ ಕಾರೂ ವರ್ಷಕ್ಕೊಮ್ಮೆ ಎಂಒಟಿ ಪರೀಕ್ಷೆಗೆ ಹೋಗಬೇಕು (ಉತ್ತರ ಐರ್ಲೆಂಡಿನಲ್ಲಿ ನಾಲ್ಕು ವರ್ಷ). ಊರಿನ ಎಫ್‌ಸಿ ಎಂದುಕೊಳ್ಳಿ, ಆದರೆ ಪ್ರತಿಯೊಂದರ ಫಲಿತಾಂಶವೂ ಸಾರ್ವಜನಿಕ. ಸರ್ಕಾರದ ಜಾಲತಾಣದಲ್ಲಿ ಕಾರಿನ ನಂಬರ್ ಹಾಕಿದರೆ ಇಂಗ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್‌ನ ಪರೀಕ್ಷೆಗಳು 2005ರಿಂದ ಈಚಿನವು ಬಿಟ್ಟಿಯಾಗಿ ಸಿಗುತ್ತವೆ: ಪಾಸೋ ಫೇಲೋ, ಯಾತಕ್ಕೆ, ಆ ದಿನ ಎಷ್ಟು ಮೈಲಿ ಓಡಿತ್ತು. ಇದು ಕಾರಿನ ಜಾತಕ. ಮಾರುವವರು ಬೇಕೆಂದರೂ ತಿದ್ದಲಾಗುವುದಿಲ್ಲ. ಕಾರು ನೋಡಲು ಹೊರಡುವ ಮೊದಲೇ, ಮನೆಯಲ್ಲಿ ಕೂತು ಹತ್ತು ನಿಮಿಷ ಇದನ್ನು ಓದಿ.

ಮೊದಲು ಮೈಲಿಗಳ ಸಾಲು ನೋಡಿ. ಇಲ್ಲಿ ಸಾಮಾನ್ಯ ಕಾರು ವರ್ಷಕ್ಕೆ ಏಳೆಂಟು ಸಾವಿರ ಮೈಲಿ ಓಡುತ್ತದೆ. ಒಂದು ವರ್ಷ 62,000 ಇದ್ದದ್ದು ಮರುವರ್ಷ 48,000 ಆಗಿದ್ದರೆ ಮೀಟರ್ ತಿರುಗಿಸಿದ್ದಾರೆಂಬ ಅನುಮಾನ ಬರಬೇಕು. ಎರಡು ವರ್ಷ ಪರೀಕ್ಷೆಯೇ ಇಲ್ಲದಿದ್ದರೆ ಯಾಕೆ ನಿಂತಿತ್ತು ಎಂದು ಕೇಳಿ. ಕಡಿಮೆ ಓಡಿದ್ದೇ ಒಳ್ಳೆಯದು ಎಂಬ ನಂಬಿಕೆಯನ್ನು ಮಾತ್ರ ಸ್ವಲ್ಪ ಸಡಿಲಿಸಿ. ವರ್ಷಕ್ಕೆ ಸಾವಿರ ಮೈಲಿ ಓಡಿ ಸರ್ವಿಸೇ ಕಾಣದ ಕಾರಿಗಿಂತ, ಮೋಟರ್‌ವೇಯಲ್ಲಿ 90,000 ಮೈಲಿ ಓಡಿ ಪ್ರತಿ ವರ್ಷ ಆಯಿಲ್ ಬದಲಾಯಿಸಿಕೊಂಡ ಕಾರು ಮೇಲು.

ಆಮೇಲೆ 'ಅಡ್ವೈಸರಿ'ಗಳನ್ನು ಓದಿ. ಕಾರು ಪಾಸಾಗಿದೆ, ಆದರೆ ಇದರ ಮೇಲೆ ಕಣ್ಣಿಡಿ ಎಂದು ಪರೀಕ್ಷಕರು ಬರೆದ ಟಿಪ್ಪಣಿಗಳು ಅವು. ಟೈರು ಸವೆದಿದೆ, ಬ್ರೇಕ್ ಡಿಸ್ಕ್ ತೆಳುವಾಗಿದೆ ಎಂಬುದು ಯಾವ ಕಾರಿಗೂ ಬರುವಂಥದ್ದು. ಅದೇ ಟಿಪ್ಪಣಿ ಮೂರು ವರ್ಷ ಸತತವಾಗಿ ಬಂದಿದ್ದರೆ ಆ ಮಾಲೀಕರು ಫೇಲಾಗುವವರೆಗೂ ಕೈ ಬಿಚ್ಚುವವರಲ್ಲ ಎಂದು ತಿಳಿಯಿರಿ. ನೀವು ನೋಡದ ಕಡೆಯೂ ಅವರು ಹಾಗೇ ನಡೆದುಕೊಂಡಿರುತ್ತಾರೆ. ತುಕ್ಕಿನ ಟಿಪ್ಪಣಿಗೆ ಇನ್ನೂ ಹೆಚ್ಚು ಬೆಲೆ ಕೊಡಿ. ಚಳಿಗಾಲದಲ್ಲಿ ಇಲ್ಲಿನ ರಸ್ತೆಗಳಿಗೆ ಉಪ್ಪು ಎರಚುತ್ತಾರೆ, ಕಾರಿನ ಹೊಟ್ಟೆಯ ಭಾಗ ಒಳಗೊಳಗೇ ತಿಂದುಹೋಗುತ್ತದೆ. ಮಂಗಳೂರು, ಕಾರವಾರದ ಕಡೆಯವರಿಗೆ ಇದು ಗೊತ್ತಿರುವ ಸಂಗತಿ. ಮೈಸೂರು, ಧಾರವಾಡದಿಂದ ಬಂದವರು ಬಣ್ಣದ ಹೊಳಪು ನೋಡಿ ಮೋಸಹೋಗುತ್ತಾರೆ. ಸಿಲ್ (ಬಾಗಿಲ ಕೆಳಗಿನ ಅಂಚು), ಸಬ್‌ಫ್ರೇಮ್‌ಗೆ (ಎಂಜಿನ್, ಸಸ್ಪೆನ್ಶನ್ ಹೊರುವ ಚೌಕಟ್ಟು) ತುಕ್ಕು ಎಂದು ಬರೆದಿದ್ದರೆ ಆ ಕಾರನ್ನು ಬಿಡಿ.

ಎಂಒಟಿ ಪಾಸು ಎಂದ ಮಾತ್ರಕ್ಕೆ ಎಂಜಿನ್, ಕ್ಲಚ್, ಗೇರ್‌ಬಾಕ್ಸ್ ಚೆನ್ನಾಗಿವೆ ಎಂದಲ್ಲ. ಆ ಪರೀಕ್ಷೆ ಅವುಗಳ ಸ್ಥಿತಿಯನ್ನು ನೋಡುವುದೇ ಇಲ್ಲ.

ಯಾವ ಕಾರು

ನಮ್ಮ ಮೊದಲ ಆಯ್ಕೆ ಟೊಯೋಟಾ ಆರಿಸ್. ಇಂಗ್ಲೆಂಡಿನ ಡರ್ಬಿಶೈರ್‌ನ ಬರ್ನಾಸ್ಟನ್‌ನಲ್ಲೇ ತಯಾರಾಗುತ್ತಿದ್ದ ಕಾರು, ಹೈಬ್ರಿಡ್ ಮಾದರಿ ಪೇಟೆ ಓಡಾಟಕ್ಕೆ ಹೇಳಿ ಮಾಡಿಸಿದ್ದು. ಅದು ಆಟೋಮ್ಯಾಟಿಕ್ ಮಾತ್ರ. ಜೊತೆಗೆ ಹೈಬ್ರಿಡ್‌ಗಳ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಕದಿಯುವವರ ಕಾಟ ಇದೆ, ಬೀದಿಯಲ್ಲಿ ನಿಲ್ಲಿಸುವವರು ಅದನ್ನೂ ಯೋಚಿಸಿ. 1.8 ಪೆಟ್ರೋಲ್ ಎಂಜಿನ್ನಿನ ಹೋಂಡಾ ಸಿವಿಕ್ ಕೂಡ ನಂಬಿಕೆಗೆ ಅರ್ಹ. 2012ರಿಂದ 2017ರವರೆಗಿನ ಮಾದರಿಯ ಡಿಕ್ಕಿ 477 ಲೀಟರ್. ಐ30, ಸೀಡ್ ಕಡಿಮೆ ಬೆಲೆಗೆ ಸಿಗುತ್ತವೆ. ಕಿಯಾಗೆ ಹೊಸದರಿಂದ ಏಳು ವರ್ಷದ ವಾರಂಟಿ ಇರುವುದರಿಂದ ಐದು ವರ್ಷದ ಕಾರು ಕೊಂಡರೂ, ಸರ್ವಿಸ್ ಸರಿಯಾಗಿ ಆಗಿದ್ದು 1 ಲಕ್ಷ ಮೈಲಿ ದಾಟಿರದಿದ್ದರೆ, ಎರಡು ವರ್ಷ ಉಳಿದಿರುತ್ತದೆ.

ಫೋಕಸ್ ಓಡಿಸಲು ಸೊಗಸು, ಎಲ್ಲೆಡೆ ಸಿಗುತ್ತದೆ, ಬಿಡಿಭಾಗವೂ ಅಗ್ಗ. ಆದರೆ ಅದರ 1.0 ಇಕೋಬೂಸ್ಟ್ ಎಂಜಿನ್ನಿನ ಟೈಮಿಂಗ್ ಬೆಲ್ಟ್ ಆಯಿಲ್‌ನಲ್ಲೇ ಮುಳುಗಿ ತಿರುಗುವಂಥದ್ದು. ಬೆಲ್ಟ್ ಸವೆದು ಚೂರುಗಳು ಆಯಿಲ್ ಪಂಪಿನ ಜಾಲರಿಗೆ ಕಟ್ಟಿಕೊಂಡರೆ ಎಂಜಿನ್ನೇ ಹೋಗುತ್ತದೆ. ಪೂರ್ತಿ ಸರ್ವಿಸ್ ದಾಖಲೆ, ವಯಸ್ಸಾಗಿದ್ದರೆ ಬೆಲ್ಟ್ ಬದಲಾಯಿಸಿದ ಬಿಲ್ಲು ಇಲ್ಲದೆ ಮುಟ್ಟಬೇಡಿ. ಪ್ಯೂಜೋ 308ರ 1.2 ಪ್ಯೂರ್‌ಟೆಕ್‌ಗೂ ಇದೇ ಮಾತು. ಗಾಲ್ಫ್, ಆಕ್ಟೇವಿಯಾಗಳ ಏಳು ಗೇರಿನ ಡಿಎಸ್‌ಜಿ ಆಟೋಮ್ಯಾಟಿಕ್‌ಗಿಂತ ಮ್ಯಾನ್ಯುಯಲ್ ಕ್ಷೇಮ.

ಊರಿಂದ ಅಪ್ಪ ಅಮ್ಮ ಬರುವವರಿದ್ದರೆ ಆಕ್ಟೇವಿಯಾ ನೋಡಿ. ನೋಡಲು ಸೆಡಾನಿನಂತಿದ್ದರೂ ಅದು ಹ್ಯಾಚ್‌ಬ್ಯಾಕೇ. 2013ರ ನಂತರದ ಮಾದರಿಯ ಡಿಕ್ಕಿ 590 ಲೀಟರ್, ಅದೇ ಕಾಲದ ಗಾಲ್ಫ್‌ನದು 380. ಹೀಥ್ರೋದಲ್ಲಿ ಉಪ್ಪಿನಕಾಯಿ, ಚಟ್ನಿಪುಡಿ ತುಂಬಿದ ನಾಲ್ಕು ಸೂಟ್‌ಕೇಸ್ ಎದುರಿಗೆ ನಿಂತಾಗ ಆ ವ್ಯತ್ಯಾಸ ತಿಳಿಯುತ್ತದೆ. ಮಕ್ಕಳಿಗೆ 12 ವರ್ಷ ಅಥವಾ 135 ಸೆಂಟಿಮೀಟರ್ ಎತ್ತರ, ಯಾವುದು ಮೊದಲೋ ಅಲ್ಲಿಯವರೆಗೆ ಚೈಲ್ಡ್ ಸೀಟ್ ಕಡ್ಡಾಯ. ಕಾರು ನೋಡಲು ಹೋಗುವಾಗ ನಿಮ್ಮ ಸೀಟುಗಳನ್ನು ಒಯ್ದು ಹಾಕಿಯೇ ನೋಡಿ. ಎರಡು ಸೀಟಿನ ನಡುವೆ ಅಜ್ಜಿ ಕೂರಲು ಹೆಚ್ಚಿನ ಹ್ಯಾಚ್‌ಬ್ಯಾಕ್‌ಗಳಲ್ಲಿ ಜಾಗ ಸಾಲದು.

ಯಾರಿಂದ ಕೊಳ್ಳುವುದು

ಡೀಲರ್ ಹತ್ತಿರ ಬೆಲೆ ಸ್ವಲ್ಪ ಹೆಚ್ಚು, ಆದರೆ 2015ರ ಗ್ರಾಹಕ ಹಕ್ಕುಗಳ ಕಾಯ್ದೆ ನಿಮ್ಮ ಬೆನ್ನಿಗಿರುತ್ತದೆ. ಮಾರುವಾಗಲೇ ಇದ್ದ ದೋಷ 30 ದಿನದೊಳಗೆ ಕಂಡರೆ ಕಾರು ಹಿಂತಿರುಗಿಸಿ ಪೂರ್ತಿ ಹಣ ಕೇಳಬಹುದು. ಆರು ತಿಂಗಳೊಳಗಿನ ದೋಷಕ್ಕೆ, ಅದು ಮೊದಲು ಇರಲಿಲ್ಲ ಎಂದು ತೋರಿಸುವ ಹೊಣೆ ಡೀಲರ್‌ನದೇ. 'ಇದ್ದಂತೆ ಮಾರಿದೆ' ಎಂದು ರಸೀದಿಯ ಮೇಲೆ ಬರೆದುಕೊಟ್ಟರೂ ಆ ಹಕ್ಕು ಹೋಗುವುದಿಲ್ಲ. 100 ಪೌಂಡ್ ಮೀರಿ 30,000 ಪೌಂಡ್‌ವರೆಗಿನ ಕಾರಿಗೆ ಮುಂಗಡವನ್ನಷ್ಟೇ ಕ್ರೆಡಿಟ್ ಕಾರ್ಡಿನಲ್ಲಿ ಕೊಟ್ಟರೂ ಕಾರ್ಡ್ ಕಂಪನಿಯೂ ಜವಾಬ್ದಾರಿ ಹೊರಬೇಕಾಗುತ್ತದೆ. ಮೊದಲ ಕಾರು ಕೊಳ್ಳುವವರು ಇನ್ನೂರು ಮುನ್ನೂರು ಪೌಂಡ್ ಹೆಚ್ಚಾದರೂ ಡೀಲರ್ ಹತ್ತಿರವೇ ಹೋಗಲಿ ಎಂಬುದು ನಮ್ಮ ಅಭಿಪ್ರಾಯ.

ಖಾಸಗಿಯವರಿಂದ ಕೊಂಡರೆ ಈ ರಕ್ಷಣೆ ಇಲ್ಲ. ಹೇಳಿದ ವಿವರ ನಿಜವಿರಬೇಕು, ಮಾರುವ ಹಕ್ಕು ಅವರಿಗಿರಬೇಕು, ಅಷ್ಟೆ. ಬೆಂಗಳೂರಿಗೆ ವಾಪಸಾಗುವ ಕುಟುಂಬಗಳು ನಮ್ಮ ಗುಂಪಿನಲ್ಲೇ ಕಾರು ಮಾರುತ್ತಾರೆ, ಒಳ್ಳೆಯ ಕಾರುಗಳೂ ಸಿಗುತ್ತವೆ. ಗುರುತಿನವರು ಎಂಬ ಸಂಕೋಚಕ್ಕೆ ಪರಿಶೀಲನೆ ಬಿಡಬೇಡಿ. ಒಳ್ಳೆಯ ಮಾರಾಟಗಾರರಿಗೆ ಅದರಿಂದ ಬೇಸರವಾಗುವುದಿಲ್ಲ.

ಯಾರಿಂದಲೇ ಕೊಳ್ಳಿ, ಸ್ವಲ್ಪ ದುಡ್ಡು ಕೊಟ್ಟು ಇತಿಹಾಸ ತಪಾಸಣೆ ಮಾಡಿಸಿ. ಸಾಲ ಬಾಕಿಯಿದೆಯೇ, ಕಳವಿನದೇ, ಅಪಘಾತದಲ್ಲಿ ವಿಮಾ ಕಂಪನಿ ಕೈಬಿಟ್ಟದ್ದೇ ಎಂಬುದು ಎಂಒಟಿ ಪುಟದಲ್ಲಿ ಕಾಣುವುದಿಲ್ಲ. 'ಕ್ಯಾಟ್ ಎಸ್' ಎಂದರೆ ಕಾರಿನ ಚೌಕಟ್ಟಿಗೇ ಪೆಟ್ಟಾಗಿತ್ತು ಎಂದರ್ಥ, 'ಕ್ಯಾಟ್ ಎನ್' ಆದರೆ ಚೌಕಟ್ಟಿಗೆ ಏಟಿಲ್ಲ. ಎರಡೂ ಅಗ್ಗವೇ, ಹೊಸಬರಿಗೆ ಎರಡೂ ಬೇಡ.

ನೋಡಲು ಹೋದಾಗ

ಹಗಲಲ್ಲಿ, ಮಳೆ ಇಲ್ಲದಾಗ, ಮಾರುವವರ ಮನೆಗೇ ಹೋಗಿ. ಸೂಪರ್‌ಮಾರ್ಕೆಟ್ಟಿನ ಪಾರ್ಕಿಂಗ್‌ನಲ್ಲಿ ಭೇಟಿಯಾಗೋಣ ಎಂದರೆ ಒಪ್ಪಬೇಡಿ. ಎಂಜಿನ್ ತಣ್ಣಗಿರಲಿ ಎಂದು ಮೊದಲೇ ಹೇಳಿ, ಬಾನೆಟ್ ಮುಟ್ಟಿ ನೋಡಿ. ಬಿಸಿ ಎಂಜಿನ್ ಸ್ಟಾರ್ಟಿಂಗ್ ತೊಂದರೆಯನ್ನು ಮುಚ್ಚಿಡುತ್ತದೆ. ಕೀ ತಿರುಗಿಸಿದಾಗ ಎಂಜಿನ್ ದೀಪ ಹೊತ್ತಿ ಆರಬೇಕು. ಹೊತ್ತದೇ ಇದ್ದರೆ ಅದನ್ನು ಮರೆಮಾಡಿರಬಹುದು. ಡಿಕ್ಕಿಯ ಕಾರ್ಪೆಟ್ ಎತ್ತಿ ಒದ್ದೆಯಿದೆಯೇ ಮುಟ್ಟಿ ನೋಡಿ. ನಾಲ್ಕು ಟೈರು ನಾಲ್ಕು ಕಂಪನಿಯದಾಗಿದ್ದರೆ ಅದೂ ಮಾಲೀಕರ ಬಗ್ಗೆ ಹೇಳುತ್ತದೆ; ಟೈರಿನ ಗೀರುಗಳಿಗೆ ಕಾನೂನಿನ ಕನಿಷ್ಠ ಆಳ 1.6 ಮಿಲಿಮೀಟರ್. ಟೆಸ್ಟ್ ಡ್ರೈವ್‌ಗೆ ನಿಮಗೆ ಇನ್ಶೂರೆನ್ಸ್ ಇರಬೇಕು. ಇಲ್ಲದಿದ್ದರೆ ಅವರೇ ಓಡಿಸಲಿ, ಪಕ್ಕದಲ್ಲಿ ಕೂತು ಕಿವಿಗೊಡಿ. ಜೊತೆಗೆ ಕಾರು ತಿಳಿದವರು ಬೇಕಿದ್ದರೆ ಬಳಗದ ಗುಂಪಿನಲ್ಲಿ ಕೇಳಿ. ಎಎ, ಆರ್‌ಎಸಿ ಎಂಬ ವಾಹನ ನೆರವು ಸಂಸ್ಥೆಗಳು ಶುಲ್ಕ ಪಡೆದು ಕಾರನ್ನು ಪರೀಕ್ಷಿಸಿ ವರದಿ ಕೊಡುತ್ತವೆ.

ವಿ5ಸಿ ಎಂಬ ಲಾಗ್ ಬುಕ್ ಕೇಳಿ. ಅದರಲ್ಲಿನ ವಿಳಾಸ ನೀವು ನಿಂತಿರುವ ಮನೆಯದೇ ಇರಬೇಕು, ಚಾಸಿ ನಂಬರ್ ಕಾರಿನ ಮೇಲಿನದಕ್ಕೆ ಹೊಂದಬೇಕು. ನಮ್ಮ ಆರ್‌ಸಿ ಬುಕ್ಕಿನಂತೆ ಕಂಡರೂ ಅದು ಒಡೆತನದ ದಾಖಲೆಯಲ್ಲ, ಹಾಗಾಗಿ ಹಣ ಕೊಟ್ಟದ್ದಕ್ಕೆ ಬೇರೆ ರಸೀದಿ ಬರೆಸಿಕೊಳ್ಳಿ. 'ಲಾಗ್ ಬುಕ್ ಆಮೇಲೆ ಕಳಿಸುತ್ತೇನೆ' ಎಂದರೆ ಹಣವನ್ನೂ ಆಮೇಲೆಯೇ ಕೊಡಿ.

ಕಾರು ತರುವ ದಿನ

ಹಳೆಯ ಮಾಲೀಕರು ಕಟ್ಟಿದ ರಸ್ತೆ ತೆರಿಗೆ ಕಾರಿನ ಜೊತೆ ಬರುವುದಿಲ್ಲ. ಮಾರುವವರು ಡಿವಿಎಲ್‌ಎ (ವಾಹನ ನೋಂದಣಿ, ಲೈಸೆನ್ಸ್ ನೋಡುವ ಸರ್ಕಾರಿ ಸಂಸ್ಥೆ) ಜಾಲತಾಣದಲ್ಲಿ ನಿಮ್ಮ ಹೆಸರು ದಾಖಲಿಸಿ, ಲಾಗ್ ಬುಕ್ಕಿನ ಹಸಿರು ಚೀಟಿ ಕೊಡುತ್ತಾರೆ. ಅದರಲ್ಲಿನ 12 ಅಂಕಿ ಹಾಕಿ ಅಲ್ಲೇ ನಿಂತು ಫೋನಿನಲ್ಲೇ ಟ್ಯಾಕ್ಸ್ ಕಟ್ಟಿ. ಇನ್ಶೂರೆನ್ಸ್ ಆ ಗಳಿಗೆಯಿಂದ ಜಾರಿಯಲ್ಲಿರಲಿ. ರಸ್ತೆಯ ಕ್ಯಾಮರಾಗಳು ನಂಬರ್ ಓದಿಯೇ ಇನ್ಶೂರೆನ್ಸ್ ಇಲ್ಲದ ಕಾರನ್ನು ಪತ್ತೆಹಚ್ಚುತ್ತವೆ. ಸಿಕ್ಕಿದರೆ 300 ಪೌಂಡ್ ದಂಡ, ಲೈಸೆನ್ಸ್ ಮೇಲೆ 6 ಪಾಯಿಂಟ್, ಕಾರನ್ನು ಜಪ್ತಿ ಮಾಡುವ ಅಧಿಕಾರವೂ ಪೊಲೀಸರಿಗಿದೆ. ಎರಡನೆಯ ಕೀ, ಸರ್ವಿಸ್ ಪುಸ್ತಕ, ವ್ಹೀಲ್ ಬಿಚ್ಚುವ ಲಾಕಿಂಗ್ ನಟ್ಟಿನ ಕೀಲಿ ಕೇಳಿ ಪಡೆಯಿರಿ. ಆ ಕೊನೆಯದು ಸಾಮಾನ್ಯವಾಗಿ ಸ್ಟೆಪ್ನಿಯ ಹತ್ತಿರವೋ ಗ್ಲೋವ್ ಬಾಕ್ಸಿನಲ್ಲೋ ಇರುತ್ತದೆ. ಮುಂದಿನ ಎಂಒಟಿ ದಿನಾಂಕವನ್ನು ಅಂದೇ ಫೋನಿನ ಕ್ಯಾಲೆಂಡರಿಗೆ ಹಾಕಿಕೊಳ್ಳಿ.