ಕ್ರೂಸ್ ಹಡಗು ಎಷ್ಟು ಸ್ವಚ್ಛ? ಹತ್ತುವ ಮೊದಲು, ಹತ್ತಿದ ಮೇಲೆ ನೋಡಬೇಕಾದ್ದು

ಬೆಂಗಳೂರಿಗೆ ಸಮುದ್ರ ಇಲ್ಲ. ಆದರೂ ರಜೆ ಬಂತೆಂದರೆ ಕ್ರೂಸ್‌ಗೆ ಹೊರಡುವ ಮನೆಗಳು ಈಗ ಜಾಸ್ತಿ. ಕೆಲವರು ರಾತ್ರಿ ರೈಲಿನಲ್ಲಿ ಚೆನ್ನೈಗೋ ಕೊಚ್ಚಿಗೋ ಹೋಗಿ ಹಡಗು ಹತ್ತುತ್ತಾರೆ. ಕೆಲವರು ಮುಂಬೈಯಿಂದ ಗೋವಾ, ಲಕ್ಷದ್ವೀಪದ ಕಡೆ ಹೋಗುತ್ತಾರೆ. ವಿಮಾನದಲ್ಲಿ ಸಿಂಗಪುರಕ್ಕೆ ಹೋಗಿ ಅಲ್ಲಿಂದ ಹೊರಡುವವರೂ ಇದ್ದಾರೆ. ಜಯನಗರದಲ್ಲಾಗಲಿ, ಮಲ್ಲೇಶ್ವರದಲ್ಲಾಗಲಿ ಟ್ರಾವೆಲ್ ಏಜೆಂಟರ ಮುಂದೆ ಕುಳಿತಾಗ ಕೇಳುವ ಪ್ರಶ್ನೆ ಹೆಚ್ಚು ಕಡಿಮೆ ಒಂದೇ. ವೆಜ್ ಊಟ ಸಿಗುತ್ತಾ? ಬಾಲ್ಕನಿ ಇದೆಯಾ? ವೈಫೈಗೆ ಬೇರೆ ದುಡ್ಡಾ? ಹಡಗು ಎಷ್ಟು ಶುಚಿಯಾಗಿದೆ ಎಂದು ಕೇಳುವವರು ಕಡಿಮೆ.

ಕೇಳಲೇಬೇಕು. ದೊಡ್ಡ ಹಡಗಿನಲ್ಲಿ ಸಾವಿರಾರು ಜನ ಒಂದೇ ಸೂರಿನ ಕೆಳಗೆ ಉಣ್ಣುತ್ತಾರೆ, ಮಲಗುತ್ತಾರೆ, ಅದೇ ರೇಲಿಂಗ್ ಹಿಡಿದು ಮೆಟ್ಟಿಲು ಹತ್ತುತ್ತಾರೆ. 2020ರ ಫೆಬ್ರುವರಿಯಲ್ಲಿ ಜಪಾನಿನ ಯೊಕೊಹಾಮಾದಲ್ಲಿ ನಿಂತ ಡೈಮಂಡ್ ಪ್ರಿನ್ಸೆಸ್ ಹಡಗು ನೆನಪಿದೆ ಅಲ್ವಾ? ಅದರಲ್ಲಿದ್ದ 3,711 ಜನರಲ್ಲಿ 700ಕ್ಕೂ ಹೆಚ್ಚು ಮಂದಿಗೆ ಕೋವಿಡ್ ತಗುಲಿತು. ಹಡಗಿನಲ್ಲಿ ಕಾಯಿಲೆ ಹರಡಿದರೆ ಎದ್ದು ಮನೆಗೆ ಹೋಗುವ ಹಾಗಿಲ್ಲ.

ಹಾಗಂತ ಹೆದರಿ ಪ್ರವಾಸ ಬಿಡಬೇಕಿಲ್ಲ. ಲಾಬಿಯ ಹೊಳಪು, ಗಾಜಿನ ಲಿಫ್ಟು ನೋಡಿ ಸ್ವಚ್ಛತೆ ಅಳೆಯಬೇಡಿ, ಅಷ್ಟೆ. ದಾಖಲೆ ನೋಡಿ. ಕೈ ಮುಟ್ಟುವ ಜಾಗ ನೋಡಿ. ಉಳಿದ ಅರ್ಧ ಕೆಲಸ ಪ್ರಯಾಣಿಕರಾದ ನಮ್ಮದೇ.

ಹಂತ 1: ದುಡ್ಡು ಕಟ್ಟುವ ಮೊದಲು ಹಡಗಿನ ಜಾತಕ ನೋಡಿ

ಮೊದಲು ಹಡಗಿನ ಹೆಸರು ಕೇಳಿ ಬರೆದುಕೊಳ್ಳಿ. ಕಂಪನಿಯ ಹೆಸರು ಸಾಲದು. ಒಂದೇ ಕಂಪನಿಯ ಎರಡು ಹಡಗುಗಳ ಸ್ಥಿತಿ ಬೇರೆ ಬೇರೆ ಇರುತ್ತದೆ. ಪ್ರತಿ ಹಡಗಿಗೂ ಅಂತರರಾಷ್ಟ್ರೀಯ ಕಡಲ ಸಂಸ್ಥೆಯ 7 ಅಂಕಿಯ ಗುರುತಿನ ಸಂಖ್ಯೆ, ಅಂದರೆ ಐಎಂಒ ನಂಬರ್ ಇರುತ್ತದೆ. ಹಡಗಿನ ಹೆಸರು, ಮಾಲೀಕರು ಬದಲಾದರೂ ಈ ನಂಬರ್ ಬದಲಾಗುವುದಿಲ್ಲ.

ಈ ನಂಬರ್ ಹಿಡಿದು ಈಕ್ವಾಸಿಸ್ ಎಂಬ ವೆಬ್‌ಸೈಟ್‌ಗೆ ಹೋಗಿ. ನೋಂದಣಿ ಉಚಿತ. ಹಡಗು ಯಾವ ವರ್ಷ ಕಟ್ಟಿದ್ದು, ಯಾವ ಬಂದರಿನಲ್ಲಿ ತಪಾಸಣೆ ಆಯಿತು, ಎಷ್ಟು ಕೊರತೆ ಸಿಕ್ಕಿತು, ಹಡಗನ್ನು ತಡೆದು ನಿಲ್ಲಿಸಿದ್ದರಾ ಎಂಬುದೆಲ್ಲ ಅಲ್ಲಿ ಸಿಗುತ್ತದೆ. ಇದು ಮುಖ್ಯವಾಗಿ ಸುರಕ್ಷತೆಯ ದಾಖಲೆ. ಆದರೆ ಯಂತ್ರ, ಪೈಪು, ಬೆಂಕಿ ವ್ಯವಸ್ಥೆಯನ್ನು ಚೆನ್ನಾಗಿ ಇಟ್ಟುಕೊಂಡವರು ಅಡುಗೆಮನೆಯನ್ನೂ ಚೆನ್ನಾಗಿ ಇಟ್ಟುಕೊಂಡಿರುತ್ತಾರೆ ಎಂಬುದು ನನ್ನ ನಂಬಿಕೆ.

ಸ್ವಚ್ಛತೆಗೇ ಮೀಸಲಾದ ಅಂಕಪಟ್ಟಿ ಬೇಕಾದರೆ ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿಯದ್ದು ನೋಡಿ. ಅದರ ವೆಸೆಲ್ ಸ್ಯಾನಿಟೇಶನ್ ಪ್ರೋಗ್ರಾಮ್ 1970ರ ದಶಕದಲ್ಲಿ ಶುರುವಾಯಿತು. ಅಮೆರಿಕದ ಬಂದರಿಗೆ ಬರುವ ಕ್ರೂಸ್ ಹಡಗುಗಳನ್ನು ಮುಂಚಿತವಾಗಿ ತಿಳಿಸದೆ ಹೋಗಿ ನೋಡುತ್ತಾರೆ. ಅಡುಗೆಮನೆ, ಕುಡಿಯುವ ನೀರು, ಈಜುಕೊಳ, ಮಕ್ಕಳ ಆಟದ ಕೋಣೆ, ಎಸಿ, ಇಲಿ-ಜಿರಳೆ ಎಲ್ಲವೂ ಪಟ್ಟಿಯಲ್ಲಿದೆ. ಒಟ್ಟು 100 ಅಂಕ. 86 ಬಂದರೆ ಪಾಸು, 85 ಬಂದರೆ ಫೇಲು. ಅಂಕದ ಜೊತೆ ಕೊರತೆಗಳ ವಿವರವೂ ಇರುತ್ತದೆ. ಅದನ್ನು ಓದಿ. ಒಡೆದ ಟೈಲ್‌ಗೆ ಹೋದ ಅಂಕ ಬೇರೆ, ಬೆಚ್ಚಗೆ ಕೂತಿದ್ದ ಅನ್ನಕ್ಕೆ ಹೋದ ಅಂಕ ಬೇರೆ.

ಏಷ್ಯಾದಲ್ಲೇ ಓಡಾಡುವ ಹಡಗು ಈ ಪಟ್ಟಿಯಲ್ಲಿ ಇಲ್ಲದಿರಬಹುದು. ಅಂಥ ಹಡಗಿಗೂ ಅಂತರರಾಷ್ಟ್ರೀಯ ಆರೋಗ್ಯ ನಿಯಮದ ಪ್ರಕಾರ ನೈರ್ಮಲ್ಯ ಪ್ರಮಾಣಪತ್ರ ಬೇಕು. ಅದರ ಅವಧಿ 6 ತಿಂಗಳು. ನಮ್ಮಲ್ಲಿ ಇದನ್ನು ಕೇಂದ್ರ ಆರೋಗ್ಯ ಇಲಾಖೆಯ ಬಂದರು ಆರೋಗ್ಯ ಕಚೇರಿಗಳು ಕೊಡುತ್ತವೆ. ಚಾಲ್ತಿಯಲ್ಲಿದೆಯಾ ಎಂದು ಏಜೆಂಟರ ಮೂಲಕ ಕೇಳಿಸಿ. ಕೇಳಿದರೆ ತಪ್ಪೇನಿಲ್ಲ.

ಇನ್ನೊಂದು ಪ್ರಶ್ನೆ: ಹಡಗು ಕೊನೆಯ ಸಲ ಡ್ರೈ ಡಾಕ್‌ಗೆ ಹೋಗಿದ್ದು ಯಾವಾಗ? ಪ್ರಯಾಣಿಕರ ಹಡಗನ್ನು ಸಾಮಾನ್ಯವಾಗಿ 5 ವರ್ಷದಲ್ಲಿ ಕನಿಷ್ಠ ಎರಡು ಸಲ ನೀರಿನಿಂದ ಮೇಲೆತ್ತಿ ತಳ ನೋಡಬೇಕು. ಹಳೆಯ ಕಾರ್ಪೆಟ್, ಸೋರುವ ಪೈಪು, ಸವೆದ ಸ್ನಾನದ ಮನೆಗಳನ್ನು ಬದಲಿಸುವುದೂ ಹೆಚ್ಚಾಗಿ ಆಗಲೇ. ಹಡಗಿನ ವಯಸ್ಸೊಂದನ್ನೇ ನೋಡಬೇಡಿ. ನಮ್ಮ ಕರಾವಳಿಯಲ್ಲಿ ಓಡುವ ಕಾರ್ಡೇಲಿಯಾ ಕಂಪನಿಯ ಎಂಪ್ರೆಸ್ 1990ರಲ್ಲಿ ಸೇವೆಗೆ ಬಂದ ಹಡಗು. ಕಟ್ಟಿದ ವರ್ಷಕ್ಕಿಂತ ಇತ್ತೀಚೆಗೆ ಏನೇನು ರಿಪೇರಿ ಆಗಿದೆ ಎಂಬುದು ಮುಖ್ಯ.

ಹಂತ 2: ಬ್ಯಾಗಿಗೆ ಏನು ಹಾಕಬೇಕು

ಒಆರ್‌ಎಸ್ ಪ್ಯಾಕೆಟ್, ಸಣ್ಣ ಸೋಪು, ಮೇಜು-ಸ್ವಿಚ್ಚು ಒರೆಸುವ ಸೋಂಕುನಿವಾರಕ ವೈಪ್ಸ್, ಮನೆಯ ಹಿರಿಯರ ಮಾತ್ರೆ. ವೈದ್ಯಕೀಯ ಖರ್ಚು ಸೇರಿದ ಪ್ರವಾಸ ವಿಮೆ ಬೇಕೇ ಬೇಕು. ಹಡಗಿನ ಡಾಕ್ಟರ್ ಬಿಲ್ಲು ಚಿಕ್ಕದಲ್ಲ. ಬಿಲ್ಲಿಗೆ ಹೆದರಿ ಕಾಯಿಲೆ ಮುಚ್ಚಿಡುವವರೂ ಇದ್ದಾರೆ.

ಚಪಾತಿ, ಪುಳಿಯೋಗರೆ ಕಟ್ಟಿಕೊಂಡು ಹೋಗುವ ಯೋಚನೆ ಬಿಡಿ. ಬಹುತೇಕ ಹಡಗುಗಳು ಮನೆ ಅಡುಗೆಯನ್ನು ಒಳಗೆ ಬಿಡುವುದಿಲ್ಲ. ಎಲೆಕ್ಟ್ರಿಕ್ ಕೆಟಲ್ಲನ್ನೂ ಬಿಡುವುದಿಲ್ಲ.

ಹಂತ 3: ಕ್ಯಾಬಿನ್‌ಗೆ ಹೋದ ಕೂಡಲೇ

ಹಿಂದಿನ ಪ್ರಯಾಣಿಕರು ಬೆಳಿಗ್ಗೆ ಇಳಿಯುತ್ತಾರೆ. ಹೊಸಬರು ಮಧ್ಯಾಹ್ನ ಹತ್ತುತ್ತಾರೆ. ನಡುವಿನ ಆ ಕೆಲವೇ ಗಂಟೆಗಳಲ್ಲಿ ಸಾವಿರಕ್ಕೂ ಹೆಚ್ಚು ಕೋಣೆಗಳ ಹಾಸಿಗೆ ಬದಲಾಗಬೇಕು, ಸ್ನಾನದ ಮನೆ ತೊಳೆಯಬೇಕು. ಅವಸರದಲ್ಲಿ ಒಂದೆರಡು ಜಾಗ ಬಿಟ್ಟುಹೋಗುವುದು ಸಹಜ. ಅದಕ್ಕೇ ಬ್ಯಾಗ್ ಬಿಚ್ಚುವ ಮೊದಲು ಒಂದು ಸುತ್ತು ನೋಡಿ.

ಹಾಸಿಗೆಯ ಅಂಚು, ಹೊಲಿಗೆ ಎತ್ತಿ ತಿಗಣೆಯ ಕಪ್ಪು ಚುಕ್ಕೆ ಇದೆಯಾ ನೋಡಿ. ಎಸಿಯ ಗಾಳಿ ಬರುವ ಜಾಲರಿ ನೋಡಿ. ಸ್ನಾನದ ಮನೆಯ ಮೂಲೆಗಳಲ್ಲಿ ಕಪ್ಪು ಬೂಷ್ಟು ಕಟ್ಟಿದೆಯಾ, ನೀರು ಬೇಗ ಇಳಿಯುತ್ತದಾ ನೋಡಿ. ಕಾರ್ಪೆಟ್ ಮೇಲೆ ಬರಿಗಾಲಲ್ಲಿ ನಡೆದರೆ ಒದ್ದೆ ಇದ್ದದ್ದು ಗೊತ್ತಾಗುತ್ತದೆ. ಆಮೇಲೆ ವೈಪ್ಸ್ ತೆಗೆದು ಟಿವಿ ರಿಮೋಟ್, ಫೋನ್, ಸ್ವಿಚ್ಚು, ಎಸಿ ಗುಂಡಿ, ಬಾಗಿಲ ಹಿಡಿ, ನಲ್ಲಿ, ಫ್ಲಶ್ ಗುಂಡಿ ಒರೆಸಿ. ವೈಪ್ಸ್ ಒರೆಸಿದ ಜಾಗ ತಾನಾಗಿ ಒಣಗಬೇಕು. ತಕ್ಷಣ ಬಟ್ಟೆಯಿಂದ ಒರೆಸಿದರೆ ಪ್ರಯೋಜನ ಇಲ್ಲ.

ಕೊರತೆ ಕಂಡರೆ ಕೋಣೆ ನೋಡಿಕೊಳ್ಳುವ ಸ್ಟೀವರ್ಡ್‌ಗೆ ಆಗಲೇ ಹೇಳಿ. ಪ್ರವಾಸ ಮುಗಿದ ಮೇಲೆ ಹೇಳಿದರೆ ಯಾರಿಗೂ ಉಪಯೋಗವಿಲ್ಲ. ಮೆತ್ತಗೆ ಹೇಳಿ. ಇವರಲ್ಲಿ ಭಾರತ, ಫಿಲಿಪ್ಪೀನ್ಸ್, ಇಂಡೊನೇಷ್ಯಾದವರು ತುಂಬ. ತಿಂಗಳುಗಟ್ಟಲೆ ಮನೆ ಬಿಟ್ಟು ಬಂದಿರುತ್ತಾರೆ. ಅಂತರರಾಷ್ಟ್ರೀಯ ಕಡಲ ಕಾರ್ಮಿಕ ನಿಯಮದ ಪ್ರಕಾರ ಒಬ್ಬರಿಗೆ 24 ಗಂಟೆಯಲ್ಲಿ ಕನಿಷ್ಠ 10 ಗಂಟೆ ವಿಶ್ರಾಂತಿ ಸಿಗಬೇಕು. ಅಂದರೆ ಉಳಿದ ಹೊತ್ತಲ್ಲಿ ಎಷ್ಟು ದುಡಿಯುತ್ತಾರೆ ಎಂದು ಲೆಕ್ಕ ಹಾಕಿ. ಹಡಗು ಸ್ವಚ್ಛವಾಗಿದ್ದರೆ ಅದು ಇವರ ಬೆವರು.

ಬಾಲ್ಕನಿ ಬಾಗಿಲನ್ನು ತೆರೆದಿಡಬೇಡಿ. ಸಮುದ್ರದ ತೇವದ ಗಾಳಿ ತಣ್ಣಗಿನ ಕೋಣೆಗೆ ನುಗ್ಗಿದರೆ ಗೋಡೆ, ಹಾಸಿಗೆ ಎಲ್ಲ ಹಸಿಯಾಗುತ್ತದೆ. ಬೂಷ್ಟು ಶುರುವಾಗುವುದೇ ಹೀಗೆ.

ಹಡಗಿನ ಹೊರಮೈಯಲ್ಲಿ ತುಕ್ಕಿನ ಗೆರೆ ಕಂಡರೆ ಗಾಬರಿ ಬೇಡ. ಉಪ್ಪುನೀರು ಕಬ್ಬಿಣವನ್ನು ಸುಮ್ನೆ ಬಿಡುವುದಿಲ್ಲ. ಸಿಬ್ಬಂದಿ ತುಕ್ಕು ಕೆರೆದು ಬಣ್ಣ ಬಳಿಯುತ್ತಲೇ ಇರುತ್ತಾರೆ. ಕಾರಿಡಾರ್‌ನಲ್ಲಿ ದಿನವೂ ಚರಂಡಿ ವಾಸನೆ ಬಂದರೆ, ಸೋರುವ ಜಾಗದಲ್ಲಿ ಬಕೆಟ್ ಇಟ್ಟು ಕೈತೊಳೆದುಕೊಂಡಿದ್ದರೆ ಆಗ ಯೋಚಿಸಬೇಕು.

ಹಂತ 4: ಊಟದ ಹಾಲ್‌ನಲ್ಲಿ

ಇಲ್ಲಿಯ ದೊಡ್ಡ ಶತ್ರು ನೊರೊವೈರಸ್. 1968ರಲ್ಲಿ ಅಮೆರಿಕದ ಒಹಾಯೊ ರಾಜ್ಯದ ನಾರ್ವಾಕ್ ಎಂಬ ಊರಿನ ಶಾಲೆಯಲ್ಲಿ ಕಾಣಿಸಿಕೊಂಡಿದ್ದರಿಂದ ಈ ಹೆಸರು. ವಾಂತಿ, ಭೇದಿ, ಹೊಟ್ಟೆನೋವು ತರುತ್ತದೆ. ಕೆಲವೇ ಕಣ ಹೊಟ್ಟೆ ಸೇರಿದರೂ ಸಾಕು. ಮೇಜು, ರೇಲಿಂಗ್ ಮೇಲೆ ದಿನಗಟ್ಟಲೆ ಉಳಿಯುತ್ತದೆ.

ಒಂದು ಮಾತು ಮನೆಮಂದಿಗೆಲ್ಲ ಹೇಳಿಬಿಡಿ. ಸ್ಯಾನಿಟೈಸರ್ ಈ ವೈರಸ್‌ಗೆ ಅಷ್ಟಾಗಿ ನಾಟುವುದಿಲ್ಲ. ಹಾಲ್‌ನ ಬಾಗಿಲಲ್ಲಿ ಎರಡು ಹನಿ ಹಾಕಿಸಿಕೊಂಡು ಕೈ ಶುಚಿಯಾಯಿತು ಎಂದುಕೊಳ್ಳಬೇಡಿ. ಸೋಪು ಹಚ್ಚಿ 20 ಸೆಕೆಂಡ್ ಉಜ್ಜಿ, ಹರಿಯುವ ನೀರಿನಲ್ಲಿ ತೊಳೆಯಿರಿ. ನಾವು ಕೈಯಲ್ಲಿ ಉಣ್ಣುವವರು. ನಮಗಿದು ಇನ್ನೂ ಮುಖ್ಯ.

ಬಫೆಯಲ್ಲಿ ಬಡಿಸುವ ಸೌಟನ್ನು ನೂರಾರು ಕೈ ಮುಟ್ಟಿರುತ್ತದೆ. ಬಡಿಸಿಕೊಂಡ ಮೇಲೆ, ತಿನ್ನುವ ಮೊದಲು ಮತ್ತೊಮ್ಮೆ ಕೈ ತೊಳೆಯುವುದು ಒಳ್ಳೆಯದು. ಸಿಬ್ಬಂದಿಯೇ ಬಡಿಸುವ ಕೌಂಟರ್ ಇದ್ದರೆ ಅಲ್ಲಿಗೇ ಹೋಗಿ. ಎರಡನೇ ಸಲ ಹೋಗುವಾಗ ಎಂಜಲು ತಟ್ಟೆ ಬೇಡ, ಹೊಸದು ತೆಗೆದುಕೊಳ್ಳಿ. ಸಿಡಿಸಿ ನಿಯಮದಲ್ಲಿ ಬಿಸಿ ಅಡುಗೆ 57 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲಿರಬೇಕು, ತಣ್ಣಗಿನದು 5 ಡಿಗ್ರಿಗಿಂತ ಕೆಳಗಿರಬೇಕು. ನಿಮ್ಮ ಹತ್ತಿರ ಥರ್ಮಾಮೀಟರ್ ಇರುವುದಿಲ್ಲ. ಆದರೆ ಹಬೆಯಾಡದ ಸಾರು, ಬೆಚ್ಚಗಾದ ಮೊಸರು ಕಣ್ಣಿಗೇ ಗೊತ್ತಾಗುತ್ತದೆ. ಬಿಟ್ಟುಬಿಡಿ. ಮಾಂಸಾಹಾರಿಗಳು ಹಸಿ ಸಿಂಪಿ ಮುಟ್ಟದಿರುವುದು ವಾಸಿ, ಅದರಲ್ಲಿ ಈ ವೈರಸ್ ಸೇರಿಕೊಳ್ಳುತ್ತದೆ.

ಬಾಟಲಿಗೆ ನೀರು ತುಂಬುವಾಗ ಬಾಟಲಿಯ ಬಾಯಿ ನಲ್ಲಿಗೆ ತಾಗಬಾರದು. ಲೋಟದಲ್ಲಿ ಹಿಡಿದು ಸುರಿದುಕೊಳ್ಳಿ.

ಹಂತ 5: ಟಾಯ್ಲೆಟ್, ನೀರು, ಕೊಳ

ಹಡಗಿನ ಟಾಯ್ಲೆಟ್ ವ್ಯಾಕ್ಯೂಮ್ ಮೇಲೆ ನಡೆಯುತ್ತದೆ. ಸಣ್ಣ ಪೈಪಿನಲ್ಲಿ ಗಾಳಿಯೇ ಎಳೆದೊಯ್ಯುತ್ತದೆ. ನೀರು ತುಂಬ ಕಡಿಮೆ. ಹೀಗಾಗಿ ವೈಪ್ಸ್, ಸ್ಯಾನಿಟರಿ ಪ್ಯಾಡ್, ಡಯಾಪರ್ ಹಾಕಿದರೆ ನಿಮ್ಮ ಕೋಣೆಯದ್ದು ಮಾತ್ರವಲ್ಲ, ಅದೇ ಸಾಲಿನ ಕೋಣೆಗಳದ್ದೂ ಕಟ್ಟಿಕೊಳ್ಳಬಹುದು. ಮುಚ್ಚಳ ಹಾಕಿ ಫ್ಲಶ್ ಮಾಡಿ. ವಿದೇಶಿ ಹಡಗುಗಳಲ್ಲಿ ಹೆಲ್ತ್ ಫಾಸೆಟ್ ಸಾಮಾನ್ಯವಾಗಿ ಇರುವುದಿಲ್ಲ. ಒಂದು ಪುಟ್ಟ ಪ್ಲಾಸ್ಟಿಕ್ ಮಗ್ ಜೊತೆಗಿದ್ದರೆ ಕಷ್ಟವಿಲ್ಲ. ನೆಲ ಒದ್ದೆಯಾದರೆ ಒರೆಸಿ ಬನ್ನಿ, ಜಾರಿ ಬಿದ್ದವರಿದ್ದಾರೆ.

ಆ ಕೊಳಚೆ ಎಲ್ಲಿಗೆ ಹೋಗುತ್ತದೆ? ನಮ್ಮ ಅಪಾರ್ಟ್‌ಮೆಂಟ್‌ಗಳ ಎಸ್‌ಟಿಪಿಯಂಥದ್ದೇ ಕೊಳಚೆ ಶುದ್ಧೀಕರಣ ಘಟಕ ಹಡಗಿನ ಹೊಟ್ಟೆಯಲ್ಲೂ ಇರುತ್ತದೆ. ಮಾರ್ಪೋಲ್ ಎಂಬ ಅಂತರರಾಷ್ಟ್ರೀಯ ಒಪ್ಪಂದದ ಪ್ರಕಾರ ಶುದ್ಧೀಕರಿಸದ ಕೊಳಚೆಯನ್ನು ದಡದಿಂದ 12 ನಾಟಿಕಲ್ ಮೈಲಿಯೊಳಗೆ ಬಿಡುವಂತಿಲ್ಲ. ಪ್ಲಾಸ್ಟಿಕ್ ಅನ್ನು ಸಮುದ್ರಕ್ಕೆ ಎಲ್ಲೂ ಎಸೆಯುವಂತಿಲ್ಲ. ಬಾಲ್ಕನಿಯಿಂದ ಚಿಪ್ಸ್ ಕವರ್ ಹಾರಿಹೋದರೂ ತಪ್ಪೇ. ಲಕ್ಷದ್ವೀಪದ ಹವಳದ ಬಂಡೆಗಳ ಹತ್ತಿರವಂತೂ ದಯವಿಟ್ಟು ಎಚ್ಚರವಾಗಿರಿ.

ಕಂಪನಿಗಳೂ ಈ ನಿಯಮ ಮುರಿದು ಸಿಕ್ಕಿಬಿದ್ದದ್ದಿದೆ. 2013ರಲ್ಲಿ ಕೆರಿಬಿಯನ್ ಪ್ರಿನ್ಸೆಸ್ ಹಡಗಿನಿಂದ ಎಣ್ಣೆ ಬೆರೆತ ಕೊಳಕು ನೀರನ್ನು ಕಳ್ಳ ಪೈಪಿನಲ್ಲಿ ಇಂಗ್ಲೆಂಡ್ ಬಳಿ ಸಮುದ್ರಕ್ಕೆ ಬಿಟ್ಟಿದ್ದರು. ಕೆಲಸಕ್ಕೆ ಹೊಸದಾಗಿ ಸೇರಿದ್ದ ಎಂಜಿನಿಯರ್ ಒಬ್ಬರು ಅದನ್ನು ಕಂಡು ಅಧಿಕಾರಿಗಳಿಗೆ ತಿಳಿಸಿದರು. 2016ರಲ್ಲಿ ಕಂಪನಿ ತಪ್ಪೊಪ್ಪಿಕೊಂಡು 4 ಕೋಟಿ ಡಾಲರ್ ದಂಡಕ್ಕೆ ಒಪ್ಪಿತು. ಅವರು ಸುಮ್ಮನಿದ್ದಿದ್ದರೆ ಇದು ಹೊರಗೆ ಬರುತ್ತಿತ್ತೇ? ಅಂಥವರ ಬಗ್ಗೆ ನನಗೆ ಬಹಳ ಗೌರವ.

ಹಡಗಿನ ಕುಡಿಯುವ ನೀರನ್ನು ಬಂದರಿನಲ್ಲಿ ತುಂಬಿಕೊಳ್ಳುತ್ತಾರೆ, ಇಲ್ಲವೇ ಸಮುದ್ರದ ನೀರನ್ನು ಕಾಯಿಸಿಯೋ ಆರ್‌ಒ ಮಾಡಿಯೋ ತಯಾರಿಸುತ್ತಾರೆ. ಮೇಲೆ ಕ್ಲೋರಿನ್ ಹಾಕುತ್ತಾರೆ. ನಲ್ಲಿಯಲ್ಲಿ ಸ್ವಲ್ಪ ಕ್ಲೋರಿನ್ ವಾಸನೆ ಬಂದರೆ ಅದು ಒಳ್ಳೆಯ ಲಕ್ಷಣವೇ. ಈಜುಕೊಳಕ್ಕೆ ಇಳಿಯುವ ಮೊದಲು ಸೋಪು ಹಚ್ಚಿ ಸ್ನಾನ ಮಾಡಿ. ಡಯಾಪರ್ ಹಾಕಿದ ಮಗುವನ್ನು ದೊಡ್ಡ ಕೊಳಕ್ಕೆ ಇಳಿಸಬೇಡಿ. ಬಿಸಿನೀರಿನ ಹಾಟ್ ಟಬ್ ಮಬ್ಬಾಗಿದ್ದರೆ, ಅಂಚು ಕೈಗೆ ಜಾರಿದರೆ ಇಳಿಯಲೇಬೇಡಿ. ಬೆಚ್ಚಗಿನ ನೀರಿನಲ್ಲಿ ಲೀಜಿಯೊನೆಲ್ಲಾ ಬ್ಯಾಕ್ಟೀರಿಯಾ ಬೆಳೆಯುತ್ತದೆ. ಅದರ ಹನಿ ಉಸಿರಿನಲ್ಲಿ ಹೋದರೆ ನ್ಯುಮೋನಿಯಾ ಬರಬಹುದು. ವಯಸ್ಸಾದವರಿಗೆ, ಸಿಗರೇಟು ಸೇದುವವರಿಗೆ ಅಪಾಯ ಜಾಸ್ತಿ.

ಹಂತ 6: ಹೊಟ್ಟೆ ಕೆಟ್ಟರೆ

ಎಲ್ಲಕ್ಕಿಂತ ಇದನ್ನು ಗಮನವಿಟ್ಟು ಓದಿ.

ಸಮುದ್ರದ ಓಲಾಟಕ್ಕೆ ಬರುವ ವಾಂತಿಯ ಜೊತೆ ಭೇದಿ, ಜ್ವರ ಇರುವುದಿಲ್ಲ. ಅವೂ ಸೇರಿಕೊಂಡರೆ ಸೋಂಕು ಎಂದೇ ಲೆಕ್ಕ. ಕೋಣೆಯಿಂದ ಹೊರಗೆ ಬರಬೇಡಿ. ಫೋನ್ ಮಾಡಿ ಹಡಗಿನ ವೈದ್ಯಕೀಯ ಕೇಂದ್ರಕ್ಕೆ ತಿಳಿಸಿ. ಕೋಣೆಯಲ್ಲೇ ಇರಲು ಹೇಳುತ್ತಾರೆ, ಸಾಮಾನ್ಯವಾಗಿ ವಾಂತಿ-ಭೇದಿ ನಿಂತ ಮೇಲೂ 24ರಿಂದ 48 ಗಂಟೆ. ದುಡ್ಡು ಕೊಟ್ಟು ಬಂದ ರಜೆ ಹಾಳಾಯಿತು ಎಂದು ಬೇಸರವಾಗುತ್ತದೆ. ಇದೇ ಬೇಸರಕ್ಕೆ ಜನ ಮುಚ್ಚಿಡುತ್ತಾರೆ. ಮಾತ್ರೆ ನುಂಗಿ ಡೈನಿಂಗ್ ಹಾಲ್‌ಗೆ ಹೋಗುತ್ತಾರೆ. ಅದೇ ಮೇಜಿಗೆ ಆಮೇಲೆ ಎಪ್ಪತ್ತು ದಾಟಿದ ಅಜ್ಜಿಯೊಬ್ಬರು ಬಂದು ಕೂರುತ್ತಾರೆ. ಆ ವಯಸ್ಸಿನಲ್ಲಿ ಭೇದಿಯಿಂದ ದೇಹದ ನೀರು ಬತ್ತಿದರೆ ಜೀವಕ್ಕೇ ಅಪಾಯ.

ತಿಳಿಸಿದರೆ ಸಿಬ್ಬಂದಿ ಆ ಕೋಣೆಯನ್ನು ಪ್ರಬಲ ಸೋಂಕುನಿವಾರಕದಿಂದ ಬೇರೆಯಾಗಿ ತೊಳೆಯುತ್ತಾರೆ, ಬಟ್ಟೆಯನ್ನು ಬೇರೆ ಚೀಲದಲ್ಲಿ ಒಯ್ಯುತ್ತಾರೆ, ಬಫೆಯಲ್ಲಿ ತಾವೇ ಬಡಿಸಲು ಶುರುಮಾಡುತ್ತಾರೆ. ಲೆಕ್ಕಕ್ಕೂ ಇದು ಬೇಕು. ಪ್ರಯಾಣಿಕರಲ್ಲಾಗಲಿ ಸಿಬ್ಬಂದಿಯಲ್ಲಾಗಲಿ ಶೇ 3ರಷ್ಟು ಮಂದಿ ಹೊಟ್ಟೆಯ ಕಾಯಿಲೆ ಎಂದು ತಿಳಿಸಿದರೆ ಸಿಡಿಸಿ ಆ ಹಡಗಿನ ಹೆಸರನ್ನು ಬಹಿರಂಗವಾಗಿ ಪ್ರಕಟಿಸುತ್ತದೆ. 2,500 ಪ್ರಯಾಣಿಕರಿದ್ದರೆ 75 ಜನ. ಎಲ್ಲರೂ ಮುಚ್ಚಿಟ್ಟರೆ ಆ ಲೆಕ್ಕ ಸುಳ್ಳಾಗುತ್ತದೆ.

ಕೋಣೆಯಲ್ಲೇ ವಾಂತಿಯಾದರೆ ಟವೆಲ್‌ನಿಂದ ನೀವೇ ಒರೆಸಲು ಹೋಗಬೇಡಿ. ಸ್ಟೀವರ್ಡ್‌ಗೆ ಹೇಳಿ, ಅದಕ್ಕೆಂದೇ ಕೈಗವಸು, ಔಷಧಿ ಇರುತ್ತದೆ. ಒಆರ್‌ಎಸ್ ಗುಟುಕು ಗುಟುಕಾಗಿ ಕುಡಿಯುತ್ತಿರಿ.

ಹಂತ 7: ಇಳಿಯುವ ದಿನ, ಆಮೇಲೆ

ಚೆನ್ನಾಗಿ ನೋಡಿಕೊಂಡ ಸ್ಟೀವರ್ಡ್ ಹೆಸರನ್ನು ಫೀಡ್‌ಬ್ಯಾಕ್‌ನಲ್ಲಿ ಬರೆಯಿರಿ. ಅವರ ಮುಂದಿನ ಕೆಲಸಕ್ಕೆ ಅದು ಸಹಾಯವಾಗಬಹುದು. ಕೊರತೆ ಇದ್ದರೆ ಜಾಗ, ದಿನಾಂಕ, ಫೋಟೊ ಸಮೇತ ಬರೆಯಿರಿ.

ನೊರೊವೈರಸ್ ಒಳಹೊಕ್ಕ 12ರಿಂದ 48 ಗಂಟೆಯಲ್ಲಿ ತೋರಿಸಿಕೊಳ್ಳುತ್ತದೆ. ಹಾಗಾಗಿ ಊರಿಗೆ ಬಂದ ಎರಡು ದಿನ ಹೊಟ್ಟೆಯ ಕಡೆ ಗಮನ ಇರಲಿ. ಹೊಟ್ಟೆ ಕೆಟ್ಟಿದ್ದರೆ ಮನೆಯವರಿಗೆ ಅಡುಗೆ ಮಾಡಲು ಹೋಗಬೇಡಿ, ಬಟ್ಟೆಗಳನ್ನು ಬಿಸಿನೀರಿನಲ್ಲಿ ಬೇರೆ ಒಗೆಯಿರಿ. ಲೀಜಿಯೊನೆಲ್ಲಾಗೆ ಎರಡು ವಾರದವರೆಗೂ ಸಮಯ ಹಿಡಿಯಬಹುದು. ಅಷ್ಟರೊಳಗೆ ಜ್ವರ, ಕೆಮ್ಮು, ಉಸಿರಾಟದ ತೊಂದರೆ ಬಂದರೆ ಡಾಕ್ಟರ್ ಹತ್ತಿರ ಹೋಗಿ. ಹಡಗಿನಲ್ಲಿ ಹೋಗಿದ್ದೆ, ಹಾಟ್ ಟಬ್‌ಗೆ ಇಳಿದಿದ್ದೆ ಎಂದು ಅವರು ಕೇಳುವ ಮೊದಲೇ ಹೇಳಿ. ಯಾವ ಪರೀಕ್ಷೆ ಮಾಡಿಸಬೇಕೆಂದು ಅವರಿಗೆ ಬೇಗ ಹೊಳೆಯುತ್ತದೆ.