ನದಿ ದಂಡೆಯ ಊರಿಗೆ ಹೋದಾಗ: ಹರಿವು ನೋಡಿ ದಿನವನ್ನು ಹೊಂದಿಸಿಕೊಳ್ಳಿ

ನದಿ ದಂಡೆಯ ಊರಿಗೆ ಬಂದ ಬಹಳಷ್ಟು ಜನ ಸೇತುವೆಯ ಮೇಲೆ ನಿಂತು ನಾಲ್ಕು ಫೋಟೊ ತೆಗೆದು ಪೇಟೆಯ ಕಡೆ ತಿರುಗಿಬಿಡುತ್ತಾರೆ. ನಡಿಗೆ, ಸೈಕಲ್, ದೋಣಿ, ಈಜು ಎಲ್ಲಕ್ಕೂ ಅವಕಾಶವಿರುವ ಜಾಗವನ್ನು ಹಾಗೆ ಬಿಟ್ಟುಹೋಗುವುದು ನನಗಂತೂ ಸಂಕಟದ ವಿಷಯ. ಒಂದು ದಿನ ಬಿಡುವಿದ್ದರೆ ಸಾಕು.

ಮೊದಲು ಅದೇ ಸೇತುವೆಯ ಮೇಲೆ ಹತ್ತು ನಿಮಿಷ ಸುಮ್ಮನೆ ನಿಲ್ಲಿ. ತೇಲಿಬರುವ ಎಲೆಯನ್ನೋ ಕಡ್ಡಿಯನ್ನೋ ಹಿಂಬಾಲಿಸಿ ನೋಡಿದರೆ ನದಿ ಎತ್ತ, ಎಷ್ಟು ರಭಸದಲ್ಲಿ ಹೋಗುತ್ತಿದೆ ಎಂದು ತಿಳಿಯುತ್ತದೆ. ನೀರು ಹೋಗುವ ಕಡೆ ಮುಖ ಮಾಡಿ ನಿಂತಾಗ ನಿಮ್ಮ ಎಡಕ್ಕಿರುವುದೇ ಎಡದಂಡೆ. ನಕ್ಷೆಯಲ್ಲೂ ಲೆಕ್ಕ ಇದೇ.

ಆಮೇಲೆ ದಾರಿ ಗೊತ್ತುಮಾಡಿಕೊಳ್ಳಿ. ನಡೆಯುವವರಿಗೆ ಎರಡು ಸೇತುವೆಗಳ ನಡುವಿನ ಸುತ್ತು ಒಳ್ಳೆಯದು: ಒಂದು ದಂಡೆಯಲ್ಲಿ ಹೋಗಿ ಇನ್ನೊಂದರಲ್ಲಿ ಮರಳಿದರೆ ನೋಡಿದ್ದನ್ನೇ ನೋಡಬೇಕಾಗಿಲ್ಲ. ಸೈಕಲ್ ಹತ್ತುವವರು ಗಾಳಿಯನ್ನು ಗಮನಿಸಿ, ಮೈಯಲ್ಲಿ ಕಸುವಿರುವಾಗಲೇ ಎದುರುಗಾಳಿಯ ಭಾಗ ಮುಗಿಸಿಕೊಳ್ಳಿ. ಆಸ್ಟ್ರಿಯಾದ ವಿಯೆನ್ನಾ ನಗರದಲ್ಲಿ ಡ್ಯಾನ್ಯೂಬ್ ನದಿಯ ನಡುವಿರುವ ಡ್ಯಾನ್ಯೂಬ್ ದ್ವೀಪದಂಥ ಕಡೆ ಈ ಲೆಕ್ಕ ತಪ್ಪಿದರೆ ಕಾಲು ಸೋತುಹೋಗುತ್ತವೆ. ಅದರ ಉದ್ದ 21 ಕಿಲೋಮೀಟರ್. ಪ್ರವಾಹದ ನೀರಿಗೆಂದು 1972ರಿಂದ 1988ರವರೆಗೆ ಹೊಸ ಕಾಲುವೆ ತೋಡಿದಾಗ ಎದ್ದ ಮಣ್ಣಿನಿಂದಲೇ ಆ ದ್ವೀಪವಾಯಿತು. ಊರನ್ನು ಕಾಯಲು ಮಾಡಿದ ಕೆಲಸ ಊರಿನವರ ಆಟದ ಬಯಲೂ ಆಯಿತಲ್ಲ ಎಂದು ನೆನೆದಾಗಲೆಲ್ಲ ಖುಷಿಯಾಗುತ್ತದೆ.

ದೋಣಿಯಲ್ಲೋ ಕಯಾಕ್‌ನಲ್ಲೋ (ಹುಟ್ಟು ಹಾಕುವ ಕಿರಿದಾದ ಪುಟ್ಟ ದೋಣಿ) ಹೋಗುವುದಾದರೆ ನೀರನ್ನು ಓದಲು ಕಲಿಯಲೇಬೇಕು. ನದಿ ತಿರುಗುವಲ್ಲಿ ಹೊರಬದಿಯ ನೀರು ವೇಗ, ಆಳವೂ ಹೆಚ್ಚು. ಒಳಬದಿಯಲ್ಲಿ ಸೆಳವು ತಗ್ಗಿ ಮರಳು ಕೂರುತ್ತದೆ. ಹರಿವಿನ ವೇಗ ಇಮ್ಮಡಿಯಾದರೆ ಅದು ತಳ್ಳುವ ಬಲ ನಾಲ್ಕು ಪಟ್ಟಾಗುತ್ತದೆ. ನಿನ್ನೆ ಸಲೀಸಾಗಿ ದಾಟಿದ ಜಾಗ ಮಳೆಯ ಮರುದಿನ ಬೇರೆಯೇ ನದಿಯಾಗಿರುವುದು ಇದಕ್ಕೇ. ಸೇತುವೆಯ ಕಂಬಗಳಿಗೆ ಸಿಕ್ಕಿಕೊಂಡ ಕೊಂಬೆಗಳಿಂದ ದೂರವಿರಿ: ನೀರು ಅವುಗಳ ನಡುವೆ ನುಸುಳುತ್ತದೆ, ಮನುಷ್ಯ ನುಸುಳಲಾರ. ಎಲ್ಲಕ್ಕಿಂತ ಮೋಸದ್ದು ತಗ್ಗು ಅಡ್ಡಗಟ್ಟೆ, ಅಂದರೆ ನದಿಗೆ ಅಡ್ಡವಾಗಿ ಕಟ್ಟಿದ, ನೀರು ಮೇಲಿಂದ ಹರಿದುಹೋಗುವ ಗಿಡ್ಡ ಕಟ್ಟೆ. ಮೇಲಿನಿಂದ ಬರುವಾಗ ಅಲ್ಲಿ ನಯವಾದ ಒಂದು ಅಡ್ಡಗೆರೆಯಷ್ಟೇ ಕಾಣುತ್ತದೆ. ಬುಡದಲ್ಲಿ ನೀರು ಹಿಂದಕ್ಕೆ ಮಗುಚುತ್ತ, ಸಿಕ್ಕಿದ್ದನ್ನು ಮತ್ತೆ ಮತ್ತೆ ಒಳಗೆ ಎಳೆಯುತ್ತದೆ. ನುರಿತ ಈಜುಗಾರರನ್ನೂ ಅದು ಬಿಡುವುದಿಲ್ಲ. ಅದು ಎಲ್ಲಿದೆ ಎಂದು ದೋಣಿಯವರನ್ನು ಕೇಳಿ, ಬಹಳ ಮೊದಲೇ ದಡ ಸೇರಿ.

ಲೈಫ್ ಜಾಕೆಟ್ ತೊಟ್ಟು ಪಟ್ಟಿ ಬಿಗಿದ ಮೇಲೆ ಜೊತೆಯವರಿಂದ ಹೆಗಲ ಬಳಿ ಹಿಡಿದು ಮೇಲಕ್ಕೆ ಎಳೆಸಿ ನೋಡಿ. ಜಾಕೆಟ್ ಗದ್ದ ದಾಟಿ ಮೇಲೆದ್ದರೆ ಅಳತೆ ದೊಡ್ಡದು, ಬದಲಾಯಿಸಿಕೊಳ್ಳಿ. ರಭಸದ ನೀರಿಗೆ ಬಿದ್ದರೆ ನಿಲ್ಲಲು ಹೋಗಬೇಡಿ, ಪಾದ ಕಲ್ಲಿನ ಸಂದಿಗೆ ಸಿಕ್ಕೀತು. ಕಾಲುಗಳನ್ನು ಹರಿವಿನ ಕಡೆ ಚಾಚಿ ಅಂಗಾತ ತೇಲುತ್ತ ದಡದತ್ತ ಸರಿಯಿರಿ.

ಇನ್ನು ಈಜು. ಸ್ವಿಟ್ಜರ್ಲೆಂಡಿನ ಬರ್ನ್ ನಗರದವರು ಬೇಸಿಗೆಯಲ್ಲಿ ಆರೆ ನದಿಯ ದಂಡೆಗುಂಟ ಮೇಲಕ್ಕೆ ನಡೆದುಹೋಗಿ, ನೀರಿಗಿಳಿದು ಹರಿವಿನೊಂದಿಗೆ ತೇಲಿಬರುತ್ತಾರೆ. ಅದೇ ದೇಶದ ಬಾಸೆಲ್‌ನಲ್ಲಿ ಬಟ್ಟೆಬರೆಯನ್ನು ನೀರು ಹೋಗದ ಚೀಲಕ್ಕೆ ತುಂಬಿ ಜೊತೆಯಲ್ಲೇ ತೇಲಿಸಿಕೊಂಡು ರೈನ್ ನದಿಯಲ್ಲಿ ಈಜುವುದುಂಟು. ಹಡಗುಗಳು ಓಡಾಡುವುದರಿಂದ ಈಜುವವರು ಬಲದಂಡೆಯ ಬದಿಯನ್ನು ಬಿಡುವಂತಿಲ್ಲ. ಪ್ಯಾರಿಸ್‌ನ ಸೀನ್ ನದಿಯಲ್ಲಿ 1923ರಿಂದ ಈಜು ನಿಷೇಧವಿತ್ತು. ಸಾರ್ವಜನಿಕರಿಗೆಂದು ಗೊತ್ತುಮಾಡಿದ ಜಾಗಗಳು ತೆರೆದದ್ದು 2025ರಲ್ಲಿ. ಎಲ್ಲೇ ಆಗಲಿ, ಅನುಮತಿ ಇರುವಲ್ಲಿ ಮಾತ್ರ ಇಳಿಯಿರಿ. ಜೋರು ಮಳೆಯ ನಂತರ ಚರಂಡಿಗಳು ಉಕ್ಕಿ ನದಿ ಸೇರುವುದರಿಂದ ಎರಡು ದಿನ ಈಜು ಬೇಡ. ತಣ್ಣನೆ ನೀರಿಗೆ ಧುಮುಕಬೇಡಿ. ಮೈ ಬೆಚ್ಚಿ ತಾನಾಗಿ ಉಸಿರು ಒಳಗೆಳೆದುಕೊಳ್ಳುತ್ತದೆ, ಆ ಹೊತ್ತಿಗೆ ಬಾಯಿ ನೀರೊಳಗಿದ್ದರೆ ಅಪಾಯ. ಮೆಲ್ಲಗೆ ಇಳಿದು, ಉಸಿರು ಹದಕ್ಕೆ ಬಂದ ಮೇಲೆ ಕೈ ಬೀಸಿ.

ಇಳಿಯುವ ಮೊದಲು, ನೀರು ಹೋಗುವ ದಿಕ್ಕಿನಲ್ಲಿ ಮುಂದೆ ದಡಕ್ಕೆ ಹತ್ತುವ ಮೆಟ್ಟಿಲು ಎಲ್ಲಿದೆ ಎಂದು ನೋಡಿಕೊಂಡಿರಿ. ಅದರ ನಂತರ ಇನ್ನೊಂದು ಇದ್ದರೆ ಅದನ್ನೂ.