ದಮ್ಮಿಗಿಂತ ಮೊದಲು ಹೆದರಿಕೆಯನ್ನು ಹಿಡಿದೆ

ನನಗೆ ಸಿಒಪಿಡಿ ಇದೆ, ಅಂದರೆ ಶ್ವಾಸನಾಳ ಕಿರಿದಾಗಿ ದಮ್ಮು ಹತ್ತುವ ಪುಪ್ಪುಸದ ಕಾಯಿಲೆ. ಬೀಡಿ, ಸಿಗರೇಟು ಯಾವತ್ತೂ ಮುಟ್ಟಿದವಳಲ್ಲ. ಗದಗಿನಲ್ಲಿ ಖಾನಾವಳಿಗಳಿಗೆ ಜೋಳದ ರೊಟ್ಟಿ ಬಡಿದು ಕೊಟ್ಟು ಸಂಸಾರ ನಡೆಸಿದವಳು. ವರ್ಷಗಟ್ಟಲೆ ಕಟ್ಟಿಗೆ ಒಲೆಯ ಮುಂದೆ ಕೂತಿದ್ದೆ. ಆ ಹೊಗೆಯಿಂದಲೂ ಶ್ವಾಸನಾಳ ಕಿರಿದಾಗುತ್ತದೆ ಅನ್ನೋದು ಗೊತ್ತಾಗಿದ್ದು ಸ್ಪೈರೋಮೆಟ್ರಿ, ಅಂದರೆ ಊದುವ ಪರೀಕ್ಷೆ ಮಾಡಿಸಿದ ಮೇಲೆ. ನಮ್ಮ ಕಡೆ ಎಷ್ಟೋ ಹೆಣ್ಣುಮಕ್ಕಳು "ವಯಸ್ಸಾತು, ದಮ್ಮು ಬರ್ತದ" ಅಂತ ಸುಮ್ನಿರುತ್ತಾರೆ. ಸುಮ್ನಿರಬೇಡಿ, ಒಮ್ಮೆ ಊದಿಸಿ ನೋಡಿ.

ಹಾಳಾದ ಪುಪ್ಪುಸ ಮೊದಲಿನಂತೆ ಆಗುವುದಿಲ್ಲ. ಆದರೆ ನನ್ನನ್ನು ಜಾಸ್ತಿ ಕಟ್ಟಿಹಾಕಿದ್ದು ದಮ್ಮಲ್ಲ, ದಮ್ಮು ಬಂದೀತು ಅನ್ನುವ ಹೆದರಿಕೆ. ಈ ಕಾಯಿಲೆಯಲ್ಲಿ ಗಾಳಿ ಒಳಗೆ ಹೋಗುವುದಕ್ಕಿಂತ ಹೊರಗೆ ಬರುವುದೇ ಕಷ್ಟ. ಹೆದರಿದಾಗ ಉಸಿರಾಟ ಜೋರಾಗುತ್ತದೆ. ಹಳೆ ಗಾಳಿ ಪೂರ್ತಿ ಹೊರಗೆ ಬರುವ ಮೊದಲೇ ಹೊಸದನ್ನು ಎಳೆಯುತ್ತೇವೆ. ಎದೆ ಬಿಗಿಯುತ್ತದೆ, ಹೆದರಿಕೆ ಇನ್ನೂ ಹೆಚ್ಚುತ್ತದೆ.

ಫಿಸಿಯೋಥೆರಪಿಸ್ಟ್ ಕಲಿಸಿದ್ದು ಇಷ್ಟೇ. ಮೂಗಿನಿಂದ ಎರಡು ಎಣಿಸುವಷ್ಟು ಎಳೆದುಕೊಳ್ಳಬೇಕು. ಬಿಸಿ ಚಹಾ ಊದುವ ಹಾಗೆ ತುಟಿ ಸಣ್ಣದು ಮಾಡಿ, ನಾಲ್ಕು ಎಣಿಸುವಷ್ಟು ನಿಧಾನಕ್ಕೆ ಬಿಡಬೇಕು. ಹೀಗೆ ಬಿಟ್ಟರೆ ಸಣ್ಣ ನಾಳಗಳು ಮುಚ್ಚಿಕೊಳ್ಳುವುದಿಲ್ಲ. ಇದನ್ನು ಆರಾಮಿದ್ದಾಗಲೇ, ಟಿವಿ ನೋಡ್ತಾ ರೂಢಿ ಮಾಡಿಕೊಂಡೆ. ದಮ್ಮು ಹತ್ತಿದಾಗ ಹೊಸದಾಗಿ ಏನೂ ಕಲಿಯೋಕಾಗಲ್ಲ.

ಮನೆಯವರಿಗೂ ಕಲಿಸಬೇಕಾಯಿತು. ಮೊದಲೆಲ್ಲ ಸುತ್ತ ನಿಂತು "ಏನಾತು, ಏನಾತು" ಅನ್ನುತ್ತಿದ್ದರು. ಉಸಿರೇ ಇಲ್ಲದವಳು ಉತ್ತರ ಎಲ್ಲಿಂದ ಕೊಡಲಿ? ಈಗ ನಾನು ಕೈ ಎತ್ತಿದರೆ ಸಾಕು. ಯಾರೂ ಮಾತಾಡಿಸುವುದಿಲ್ಲ. ಮೇಜಿನ ಮೇಲೆ ಮೊಣಕೈ ಊರಿ ಮುಂದೆ ಬಾಗಿ ಕೂರುತ್ತೇನೆ. ಒಬ್ಬರು ಸಣ್ಣ ಫ್ಯಾನು ಮುಖಕ್ಕೆ ಹಿಡಿಯುತ್ತಾರೆ, ಇನ್ನೊಬ್ಬರು ಇನ್‌ಹೇಲರ್ ಮತ್ತು ಅದಕ್ಕೆ ಜೋಡಿಸುವ ಸ್ಪೇಸರ್ ಕೊಳವೆ ತರುತ್ತಾರೆ. ಮುಖಕ್ಕೆ ತಣ್ಣನೆ ಗಾಳಿ ಬಡಿದರೆ ನಿಜಕ್ಕೂ ಹಗುರಾಗುತ್ತದೆ.

ಯಾವಾಗ ಆಸ್ಪತ್ರೆಗೆ ಓಡಬೇಕು ಅಂತ ಡಾಕ್ಟರ್ ಹತ್ತಿರ ಬರೆಸಿಕೊಂಡು ಗೋಡೆಗೆ ಅಂಟಿಸಿದ್ದೇವೆ: ಒಂದು ವಾಕ್ಯ ಪೂರ್ತಿ ಆಡಲು ಆಗದಿದ್ದರೆ, ತುಟಿ ನೀಲಿಯಾದರೆ, ಮಂಪರು ಕವಿದರೆ ತಡಮಾಡುವ ಹಾಗಿಲ್ಲ. ಕಫ ಹಳದಿ, ಹಸಿರಾಗಿ ಜಾಸ್ತಿಯಾದರೆ ಅವತ್ತೇ ಫೋನ್ ಮಾಡಬೇಕು. ಆ ಚೀಟಿ ಅಂಟಿಸಿದ ಮೇಲೆ ರಾತ್ರಿ ನಿದ್ದೆ ಹತ್ತತೊಡಗಿತು.

ಮನಸ್ಸು ಕುಸಿದದ್ದೂ ಇದೆ. ಚಳಿಗಾಲದಲ್ಲಿ ಬಾಗಿಲು ದಾಟುತ್ತಿರಲಿಲ್ಲ, ಊಟ ಸೇರುತ್ತಿರಲಿಲ್ಲ, ಸುಮ್ನೆ ಅಳು ಬರುತ್ತಿತ್ತು. ದಮ್ಮಿನವಳಿಗೆ ಮನಸ್ಸಿನ ಡಾಕ್ಟರ್ ಯಾಕೆ ಅಂದವರಿದ್ದರು. ಬೇಕು. ಪುಪ್ಪುಸದ ಕಾಯಿಲೆ ಇದ್ದವರಲ್ಲಿ ಖಿನ್ನತೆ, ಆತಂಕ ಬಹಳ ಸಾಮಾನ್ಯ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ, ಬಿಟ್ಟಿಯಾಗಿ ಮಾತಾಡಬಹುದು. ಧಾರವಾಡದ ಮಾನಸಿಕ ಆರೋಗ್ಯ ಆಸ್ಪತ್ರೆ ಡಿಮ್ಹಾನ್ಸ್ ಕೂಡ ನಮಗೆ ದೂರವಲ್ಲ.

ಭೀಷ್ಮ ಕೆರೆ ಹತ್ತಿರ ಬಿಸಿಲು ಬಿದ್ದ ಮೇಲೆ ನಡೆಯುತ್ತೇನೆ. ದಣಿದ ಮೇಲಲ್ಲ, ದಣಿಯುವ ಮೊದಲೇ ಕೂರುತ್ತೇನೆ.

ರೊಟ್ಟಿ ಬಿಟ್ಟಿಲ್ಲ. ಬಿಟ್ಟಿದ್ದರೆ ನಾನು ನಾನಾಗಿ ಉಳಿಯುತ್ತಿರಲಿಲ್ಲ. ಈಗ ಗ್ಯಾಸ್ ಒಲೆ, ಪಕ್ಕದಲ್ಲಿ ತೆರೆದ ಕಿಟಕಿ, ಸೊಂಟದೆತ್ತರದ ಕಟ್ಟೆ, ಕೂರಲು ಸ್ಟೂಲು. ಹಿಟ್ಟು ಒತ್ತುವಾಗ ಉಸಿರು ಬಿಡುತ್ತೇನೆ, ಹಿಡಿದಿಟ್ಟುಕೊಳ್ಳುವುದಿಲ್ಲ. ಹಿಟ್ಟು ಜರಡಿ ಹಿಡಿಯುವುದು ಸೊಸೆಯ ಕೆಲಸ. ಮನೆಯಲ್ಲಿ ಬ್ಯಾಡಗಿ ಮೆಣಸಿನಕಾಯಿ ಹುರಿಯುವ ದಿನ ಮಾತ್ರ ಮುಂಜಾನೆಯೇ ತಂಗಿ ಮನೆಗೆ ಹೋಗಿಬಿಡುತ್ತೇನೆ, ಘಾಟು ಇಳಿದ ಮೇಲೆ ಅವರೇ ಫೋನ್ ಮಾಡುತ್ತಾರೆ.